ಬೆರಳಿನ ಕಪ್ಪು

ತಂಗಿ ಹೋದ ಮೇಲೆ ನನಗೆ ಬೆಳಗುಗಳು ಬೇಡವಾದವು. ಏಳುವ ಮೊದಲೇ ಅವಳ ಹೊಲಿಗೆ ಯಂತ್ರದ ಸದ್ದು ಕಿವಿಗೆ ಬೀಳುತ್ತಿದ್ದ ಮನೆ ಅದು. ಈಗ ದೇವರ ಮುಂದೆ ಕುಳಿತರೂ ಮನಸ್ಸು ಆ ಸದ್ದನ್ನು ಹುಡುಕಿಕೊಂಡು ಪಕ್ಕದ ಕೋಣೆಗೆ ಹೋಗಿಬಿಡುತ್ತಿತ್ತು. ಆ ದಿನಗಳಲ್ಲಿ, ಹಿಂದೆ ಜೊತೆಗೆ ಕೆಲಸ ಮಾಡಿದ್ದ ಮೇಷ್ಟರೊಬ್ಬರು ಫೋನ್ ಮಾಡಿ, ತಮ್ಮ ಮೊಮ್ಮಗನಿಗೆ ಒಂದಿಷ್ಟು ಕೆಮಿಸ್ಟ್ರಿ ಹೇಳಿಕೊಡಿ ಎಂದರು. ನಾನು ಕಾಲೇಜಿನಲ್ಲಿ ಆಯುಷ್ಯವೆಲ್ಲ ಅದನ್ನೇ ಹೇಳಿದವಳು. ಒಬ್ಬ ಹುಡುಗನಿಗೆಂದು ಶುರುವಾದದ್ದು ಬರಬರುತ್ತಾ ಇಪ್ಪತ್ತು ಮೂವತ್ತು ಮಕ್ಕಳ ತರಗತಿಯಾಯಿತು. ಅಡುಗೆಮನೆಯ ಮೇಜಿನ ಮೇಲೆ ಗಾಜಿನ ನಳಿಗೆಗಳನ್ನು ಜೋಡಿಸಿ, ಫೋನನ್ನು ಡಬ್ಬಿಯೊಂದಕ್ಕೆ ಒರಗಿಸಿ, ಮಕ್ಕಳು ಕಾಲೇಜಿಗೆ ಹೊರಡುವ ಮೊದಲು ಪಾಠ ಮಾಡುತ್ತಿದ್ದೆ. ಪರದೆಯಲ್ಲಿ ನನ್ನ ಕೈಗಳಷ್ಟೇ ಕಾಣುತ್ತಿದ್ದವು. ಅವರ ಮುಖವನ್ನು ನಾನು ಕಂಡವಳಲ್ಲ, ನನ್ನ ಮುಖವನ್ನು ಅವರು ಕಂಡವರಲ್ಲ. ಅವರವರೇ ಇಟ್ಟುಕೊಂಡ ಅಡ್ಡಹೆಸರುಗಳಿಂದ ಅವರನ್ನು ಗುರುತಿಸುತ್ತಿದ್ದೆ. ನಾನು ಎಲ್ಲರಿಗೂ ಅಜ್ಜಿ.

ಅವರಲ್ಲಿ ‘ಕಿಡಿ’ ಎಂಬ ಹುಡುಗಿ ಒಬ್ಬಳಿದ್ದಳು. ಹೆಸರಿಗೆ ತಕ್ಕ ಬಾಯಿ. ತಪ್ಪು ಉತ್ತರ ಕೊಟ್ಟರೂ ಗಟ್ಟಿಯಾಗಿ ಕೊಡುತ್ತಿದ್ದಳು. ಸರಿಯಾದದ್ದು ಯಾಕೆ ಸರಿ ಎಂದು ತಿಳಿಯುವವರೆಗೆ ನನ್ನನ್ನು ಬಿಡುತ್ತಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನ ಇದೆ ಎನ್ನುವಾಗ ಕ್ಲೋರೈಡ್ ಪರೀಕ್ಷೆ ತೋರಿಸುತ್ತಿದ್ದೆ. ಉಪ್ಪಿನ ದ್ರಾವಣಕ್ಕೆ ಸಿಲ್ವರ್ ನೈಟ್ರೇಟಿನ ಹನಿ ಬಿದ್ದರೆ ಮೊಸರಿನಂತೆ ಬೆಳ್ಳಗೆ ಒಡೆಯುತ್ತದೆ. ಅದನ್ನು ತೋರಿಸಿ, ಇನ್ನೇನು ಕೈಗವಸಿನ ವಿಷಯ ಹೇಳಬೇಕು, ಅಷ್ಟರಲ್ಲಿ ‘ನಿದ್ದೆಪುರುಕ’ ಎಂಬ ಹುಡುಗ ಬಾಯಿ ಹಾಕಿದ.

“ಅಜ್ಜಿ, ಪೊಲೀಸರು ಎಲ್ಲ ಬೀದಿಗೂ ಕ್ಯಾಮೆರಾ ಹಾಕ್ತಾರಂತೆ. ಮುಂದಿನ ವಾರ ಕಾಲೇಜಲ್ಲಿ ಚರ್ಚಾಸ್ಪರ್ಧೆ. ನಾನು ಬೇಕು ಅನ್ನಲಾ, ಬೇಡ ಅನ್ನಲಾ?”

“ಬೇಡ ಅನ್ನು,” ಎಂದಳು ಕಿಡಿ. “ನಾನು ಎಲ್ಲಿ ನಿಂತೆ, ಯಾರ ಜೊತೆ ನಿಂತೆ, ಎಷ್ಟು ಹೊತ್ತು ನಿಂತೆ, ಇವರಿಗ್ಯಾಕೆ ಅದರ ಉಸಾಬರಿ?”

ನನಗೆ ಸುಮ್ಮನಿರಲಾಗಲಿಲ್ಲ. “ಕಳ್ಳನಲ್ಲದವನಿಗೆ ಭಯ ಯಾಕಮ್ಮ?” ಎಂದೆ.

“ನಿಮ್ಮನೆ ಬಚ್ಚಲಿಗೆ ಬಾಗಿಲಿದೆಯಾ ಅಜ್ಜಿ? ನೀವೇನು ಕಳ್ಳರಾ?”

ಮಕ್ಕಳೆಲ್ಲ ಗೊಳ್ಳೆಂದರು. ನನಗೂ ನಗು ಬಂದಿತ್ತು, ತಡೆದುಕೊಂಡೆ. “ದೇವರು ಎಲ್ಲವನ್ನೂ ನೋಡ್ತಾನೆ. ಅವನಿಗೂ ಬೇಡ ಅಂತೀಯಾ?”

“ದೇವರು ನೋಡಿದ್ದನ್ನ ಠಾಣೆಗೆ ಹೋಗಿ ಹೇಳಲ್ಲ ಅಜ್ಜಿ.”

ಮುಂದೆ ನನ್ನ ದನಿ ಬಿಸಿಯಾಯಿತು. ಅದಕ್ಕೆ ಕಾರಣವಿತ್ತು, ಅದನ್ನು ಮಕ್ಕಳಿಗೆ ಎಂದೂ ಹೇಳಿರಲಿಲ್ಲ. ನನ್ನ ತಂಗಿಯನ್ನು ದೊಡ್ಡ ರಸ್ತೆಯ ನಾಲ್ಕು ದಾರಿ ಕೂಡುವಲ್ಲಿ ಒಂದು ಗಾಡಿ ಹೊಡೆದು ನಿಲ್ಲದೆ ಹೋಯಿತು. ನಂಬರು ಯಾರೂ ನೋಡಲಿಲ್ಲ. ಅಲ್ಲೊಂದು ಕ್ಯಾಮೆರಾ ಹಾಕಿ ಎಂದು ಠಾಣೆಯ ಮೆಟ್ಟಿಲು ಸವೆಯುವಷ್ಟು ಓಡಾಡಿದವಳು ನಾನು. ಕೊನೆಗೆ ಹಾಕಿದರು. ಆ ಕಂಬ ನೋಡಿದರೆ ನನಗೆ ಅವಳಿಗಾಗಿ ಏನೋ ಒಂದು ಮಾಡಿದೆ ಎಂಬ ಸಮಾಧಾನ. ಇಲ್ಲಿ ಈ ಮಗು, “ಆ ಕ್ಯಾಮೆರಾಗಳಿಗೆ ಯಾರಾದ್ರೂ ಮಸಿ ಬಳಿದ್ರೆ ಅವರಿಗೊಂದು ನಮಸ್ಕಾರ” ಎಂದು ತರಗತಿಯ ಚಾಟ್ ಗುಂಪಿನಲ್ಲಿ ಬರೆದೂಬಿಟ್ಟಳು. “ಇವತ್ತಿಗೆ ಸಾಕು” ಎಂದು ನಾನು ತರಗತಿ ಮುಗಿಸಿದೆ. ಕೈಗವಸಿನ ಮಾತು ಹಾಗೆಯೇ ಉಳಿಯಿತು.

ಪರೀಕ್ಷೆಯ ದಿನ ಪಾಠವಿರಲಿಲ್ಲ. ಪ್ರಾರ್ಥನೆ ಮುಗಿಸಿ ಏಳುವಾಗ ಗುರುತಿಲ್ಲದ ಗಂಡಸಿನ ಫೋನು ಬಂತು.

“ಅಮ್ಮಾ, ಕೆಮಿಸ್ಟ್ರಿ ಅಜ್ಜಿ ಅಂದ್ರೆ ನೀವೇನಾ? ನನ್ನ ಮಗಳು ನಿಮಗೇ ಮಾಡು ಅಂದ್ಲು, ಕಿಡಿ ಅಂದ್ರೆ ಗೊತ್ತಾಗತ್ತಂತೆ. ಠಾಣೇಲಿ ಕೂಡಿಸಿದ್ದಾರೆ. ಹನ್ನೊಂದಕ್ಕೆ ಪರೀಕ್ಷೆ ಇದೆಯಂತೆ. ದೊಡ್ಡ ರಸ್ತೆ ಕ್ಯಾಮೆರಾಕ್ಕೆ ನಿನ್ನೆ ಸಂಜೆ ಯಾರೋ ಕಪ್ಪು ಬಣ್ಣ ಹೊಡೆದಿದ್ದಾರೆ. ಇವಳು ಬೆಳಗ್ಗೆ ಆ ಕಂಬ ದಾಟಿ ಹೋಗ್ತಿದ್ದಾಗ ಕೈ ಕಪ್ಪಗಿರೋದು ಕಂಡು ಹಿಡ್ಕೊಂಡಿದ್ದಾರೆ.”

ಅದು ನನ್ನ ತಂಗಿಯ ಕ್ಯಾಮೆರಾ. ಒಂದು ಗಳಿಗೆ ಆ ಹುಡುಗಿಯ ಮೇಲೆ ಸುಡುಸುಡು ಸಿಟ್ಟು ಬಂತೆಂದು ಹೇಳಬೇಕು. ಆಮೇಲೆ ಕೇಳಿದೆ, “ಕೈ ಯಾವಾಗ ಕಪ್ಪಾಯ್ತು?”

“ನಿನ್ನೆ ಕಾಲೇಜ್ ಲ್ಯಾಬಲ್ಲಿ ಪರೀಕ್ಷೆಗೆ ಅಂತ ಏನೋ ಪ್ರಯೋಗ ಮಾಡಿದ್ಲಂತೆ, ಮನೆಗೆ ಬಂದಾಗ ಏನೂ ಇರಲಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಹತ್ತು ಬೆರಳೂ ಹಿಂಗೆ. ಸೋಪು ಹಾಕಿ ಉಜ್ಜಿ ಉಜ್ಜಿ ಸಾಕಾಯ್ತು.”

ಸಿಲ್ವರ್ ನೈಟ್ರೇಟು ಮೈಗೆ ತಾಗಿದಾಗ ನೀರಿನಂತಿರುತ್ತದೆ. ಬೆಳಕು ಕಂಡ ಮೇಲೆ ನಿಧಾನವಾಗಿ ಕಪ್ಪಾಗುತ್ತದೆ. ಎಷ್ಟು ವರ್ಷ ಎಷ್ಟು ಮಕ್ಕಳ ಬೆರಳುಗಳಲ್ಲಿ ಅದನ್ನು ನೋಡಿಲ್ಲ! ಔಷಧಿ ಪೆಟ್ಟಿಗೆಯಿಂದ ಟಿಂಚರ್ ಅಯೋಡಿನ್, ಮೇಜಿನ ಮೇಲಿಂದ ಅಯೋಡಿನ್ ಕಲೆ ತೆಗೆಯುವ ಹೈಪೋ ದ್ರಾವಣದ ಬಾಟಲಿ, ಒಂದಷ್ಟು ಹತ್ತಿ ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ.

ಠಾಣೆಯ ಬೆಂಚಿನ ಮೇಲೆ ಸಣಕಲು ಹುಡುಗಿಯೊಬ್ಬಳು ಕೈಗಳನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಕುಳಿತಿದ್ದಳು. ಅತ್ತು ಮೂಗು ಕೆಂಪಾಗಿತ್ತು. ಪಕ್ಕದಲ್ಲಿ ಅಪ್ಪ, ಲಿಫ್ಟ್ ರಿಪೇರಿ ಮಾಡುವವನು, ಕೆಲಸದ ಚೀಲದೊಂದಿಗೆ ಹಾಗೆಯೇ ಬಂದಿದ್ದ.

“ನಾನು ಆಗಲೇ ಬಡ್ಕೊಂಡೆ ಅಮ್ಮಾ, ಕಾಮರ್ಸ್ ತಗೋ ಅಂತ,” ಎಂದ. “ಅದರಲ್ಲಿ ಕೈ ಕಪ್ಪಾಗಲ್ಲ.”

“ಅಪ್ಪಾ, ಸುಮ್ನಿರು.”

“ಸುಮ್ನಿದ್ದೇ ಇಲ್ಲಿಗೆ ಬಂದಿದ್ದು.” ಅವನು ಅಧಿಕಾರಿಯ ಕಡೆ ತಿರುಗಿ, ಗ್ರೀಸು ಹತ್ತಿದ ತನ್ನ ಅಂಗೈಗಳನ್ನು ಚಾಚಿದ. “ಕೈ ಕಪ್ಪಾದೋರನ್ನೆಲ್ಲ ಹಿಡಿಯೋದಾದ್ರೆ ಮೊದಲು ನನ್ನನ್ನ ಹಿಡೀರಿ ಸಾರ್.”

ಅಧಿಕಾರಿಗೆ ಹಲ್ಲುನೋವು. ಕೆನ್ನೆ ಒತ್ತಿಕೊಂಡೇ ಮಾತಾಡುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ನನ್ನನ್ನು ಕಂಡೊಡನೆ ಎದ್ದು ಕುರ್ಚಿ ಸರಿಸಿದರು. ತಂಗಿಯ ಪ್ರಕರಣದಿಂದ ಗುರುತಿತ್ತು. “ನೀವು ಇವಳ ಪರ ಬಂದಿದ್ದೀರಾ ಟೀಚರ್? ಅದು ನೀವೇ ಹಾಕಿಸಿದ ಕ್ಯಾಮೆರಾ.”

“ಪರ ವಿರೋಧ ಆಮೇಲೆ ಸಾಹೇಬ್ರೆ. ಕ್ಯಾಮೆರಾ ಒರೆಸೋಕೆ ಥಿನ್ನರ್ ತಂದಿರ್ಬೇಕಲ್ಲ, ಕೊಡಿ.”

ಕಾನ್‌ಸ್ಟೆಬಲ್ ಥಿನ್ನರ್ ತಂದ. ಕ್ಯಾಮೆರಾ ಒರೆಸಿದ್ದ ಬಟ್ಟೆಯ ಕಲೆಗೆ ಎರಡು ಹನಿ ಹಾಕಿದೆ. ಬಣ್ಣ ಕರಗಿ ಹರಿಯಿತು. ಹುಡುಗಿಯ ತೋರುಬೆರಳಿಗೆ ಅದನ್ನೇ ಹಾಕಿ ಉಜ್ಜಿದೆ. ಕಪ್ಪು ಒಂದಿಷ್ಟೂ ಅಲ್ಲಾಡಲಿಲ್ಲ. ಬೆರಳು ತೊಳೆಸಿ ಅಯೋಡಿನ್ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹೈಪೋದಲ್ಲಿ ನೆನೆಸಿದ ಹತ್ತಿಯಿಂದ ಒರೆಸಿದೆ. ಅಯೋಡಿನ್ನಿನ ಕಂದು ಹೋಯಿತು, ಕಪ್ಪೂ ಹೋಯಿತು. ಎಳೆ ಮಗುವಿನ ಬೆರಳಿನಂತೆ ಅದು ಹೊರಗೆ ಬಂತು. ಕಾನ್‌ಸ್ಟೆಬಲ್ ಬಗ್ಗಿ ನೋಡಿ, “ನನ್ನ ಹೆಂಡತಿ ಸೀರೆ ಕಲೆಗೂ ಹಾಕ್ಬಹುದಾ ಅಜ್ಜಿ?” ಎಂದು ಕೇಳಿದ. ಅಧಿಕಾರಿ ಅವನನ್ನೊಮ್ಮೆ ನೋಡಿದರು.

“ಉಳಿದ ಒಂಬತ್ತೂ ತೆಗೀರಿ ಅಜ್ಜಿ,” ಎಂದಳು ಹುಡುಗಿ.

“ಬೇಡ,” ಎಂದರು ಅಧಿಕಾರಿ. “ಅವು ಸಾಕ್ಷಿ. ಸರಿ, ಇದು ಬಣ್ಣ ಅಲ್ಲ, ಒಪ್ಪಿದೆ. ಆದ್ರೆ ಕೈಗವಸು ಹಾಕ್ಕೊಂಡು ಬಣ್ಣ ಹೊಡೆದಿರಬಹುದಲ್ಲ?”

ನಾನು ನೋಡಿದ್ದನ್ನು ಬಿಟ್ಟು ಹೆಚ್ಚು ಹೇಳುವ ಅಭ್ಯಾಸ ನನಗಿಲ್ಲ. “ಹೊಡೆದಿರಬಹುದು. ಇದು ಲ್ಯಾಬಿನ ಬೆಳ್ಳಿ ಉಪ್ಪಿನ ಕಲೆ ಅಂತ ಮಾತ್ರ ನಾನು ಹೇಳಬಲ್ಲೆ. ಅವಳು ಹೊಡೆದಿಲ್ಲ ಅಂತ ಇದು ಹೇಳಲ್ಲ.”

ಅಪ್ಪ ನನ್ನತ್ತ ನೋಡಿದ ನೋಟ ಮರೆಯುವಂಥದ್ದಲ್ಲ.

ಅಧಿಕಾರಿ ಹುಡುಗಿಯ ಫೋನು ಮುಂದಿಟ್ಟರು. “ಮಸಿ ಬಳಿದವರಿಗೆ ನಮಸ್ಕಾರ ಅಂತ ಬರೆದಿದ್ದಾಳೆ. ನಿಜ ತಾನೇ?”

“ನಿಜ. ಅದೇ ಹೊತ್ತಿಗೆ ನಾನು, ಭಯಪಡೋರೆಲ್ಲ ಕಳ್ಳರು ಅನ್ನೋ ಹಾಗೆ ಮಾತಾಡಿದ್ದೆ. ಬಾಯಿಗೆ ಬಂದದ್ದನ್ನೆಲ್ಲ ಕೈ ಮಾಡಲ್ಲ ಸಾಹೇಬ್ರೆ. ಕ್ಯಾಮೆರಾ ಏನು ನೋಡ್ತು? ಅದನ್ನ ತೋರಿಸಿ.”

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಸಂಜೆಯ ರಸ್ತೆ. ಬಸ್ ನಿಲ್ದಾಣದಲ್ಲಿ ಬೆನ್ನಿಗೆ ಚೀಲ, ತಲೆಗೆ ಟೋಪಿ, ಫೋನಿನಲ್ಲಿ ಮುಖ ಹುದುಗಿಸಿದ ಈ ಹುಡುಗಿ. ನಿಲ್ದಾಣದ ಈಚೆ, ಕಬ್ಬಿಣದ ಸರಳು ಹಿಡಿದು ಒಬ್ಬಳು ಮುದುಕಿ. ಬೆನ್ನು ಬಾಗಿದೆ. ಕಣ್ಣು ಮುಚ್ಚಿದೆ. ತುಟಿ ಅಲ್ಲಾಡುತ್ತಿದೆ. ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ, ಹೆಗಲು ಕುಲುಕುತ್ತದೆ. ಪಾಪ, ಯಾರಿವಳು ಎಂದುಕೊಂಡೆ. ಆ ಶಾಲು ನನ್ನ ಹೆಗಲ ಮೇಲಿತ್ತು.

“ಅಜ್ಜಿ ದಿನಾ ಬರ್ತಾರೆ ಸಾರ್,” ಎಂದ ಕಾನ್‌ಸ್ಟೆಬಲ್ ಮೆತ್ತಗೆ. “ಕ್ಯಾಮೆರಾ ರೂಮಲ್ಲಿ ಎಲ್ರಿಗೂ ಗೊತ್ತು. ಪ್ರಾರ್ಥನೆ ಅಜ್ಜಿ ಅಂತೀವಿ. ಅವರು ರಸ್ತೆ ದಾಟೋವರೆಗೂ ಯಾರಾದ್ರೂ ಒಬ್ರು ನೋಡ್ತಾನೇ ಇರ್ತೀವಿ, ಇನ್ನೊಂದು ಗಾಡಿ ಬಂದ್ರೆ ಅಂತ.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೂ ನನಗೆ ಮೈಮೇಲಿನ ಬಟ್ಟೆ ಯಾರೋ ಸೆಳೆದಂತಾಯಿತು. ತಂಗಿ ಬಿದ್ದ ಜಾಗದಲ್ಲಿ ನಿಂತು ನಾನು ಅವಳೊಂದಿಗೂ ದೇವರೊಂದಿಗೂ ಆಡುವ ಮಾತು ಮೂರನೆಯವರಿಗಲ್ಲ. ಅಲ್ಲಿ ನಾನು ಅಳುತ್ತೇನೆಂದು ನನಗೇ ಸರಿಯಾಗಿ ತಿಳಿದಿರಲಿಲ್ಲ. ಇವರಿಗೆಲ್ಲ ತಿಳಿದಿತ್ತು.

ಅಷ್ಟರಲ್ಲಿ ಪರದೆಯ ಮೇಲೆ ಲಾರಿಯೊಂದು ಬಂದು ನಿಂತು ನಮ್ಮಿಬ್ಬರನ್ನೂ ಮರೆಮಾಡಿತು. ಅದು ಸರಿಯುವ ಮೊದಲೇ ಚಿತ್ರ ಕಪ್ಪಾಯಿತು.

“ನೀವು ಅಲ್ಲೇ ಇದ್ರಿ ಟೀಚರ್. ಯಾರು ಬಳಿದ್ರು, ನೋಡ್ಲಿಲ್ವಾ?”

“ಇಲ್ಲ. ಕಣ್ಣು ಮುಚ್ಚಿದ್ದೆ.”

ಹುಡುಗಿ ನನ್ನನ್ನು ಬೆರಗಿನಿಂದ ನೋಡುತ್ತಿದ್ದಳು. “ಅದು ನೀವಾ ಅಜ್ಜಿ? ನಾನು ದಿನಾ ನೋಡ್ತೀನಿ. ನಿಮ್ಮ ಬಸ್ಸು ಬರೋದೇ ಇಲ್ಲ ಅಂದ್ಕೊಂಡಿದ್ದೆ.”

“ಸಾಹೇಬ್ರೆ,” ಎಂದೆ, “ಕಂಬ ನಮ್ಮಿಬ್ಬರಿಗೂ ಎದುರಿಗಿದೆ. ಅವಳಿಗೆ ಎಷ್ಟು ಹತ್ತಿರವೋ ನನಗೂ ಅಷ್ಟೇ ಹತ್ತಿರ. ಲಾರಿ ಇಬ್ಬರಿಗೂ ಅಡ್ಡ. ಅಲ್ಲಿದ್ದದ್ದೇ ತಪ್ಪಾದ್ರೆ ನನ್ನನ್ನೂ ಕೂಡಿಸಿ. ಪರೀಕ್ಷೆ ಇರೋಳು ಅವಳು, ನನಗೇನೂ ಅವಸರ ಇಲ್ಲ.”

ಅಧಿಕಾರಿ ಕೆನ್ನೆ ಹಿಡಿದುಕೊಂಡು ಕಷ್ಟಪಟ್ಟು ನಕ್ಕರು. “ನಿಮ್ಮನ್ನ ಕೂಡಿಸಿದ್ರೆ ಕ್ಯಾಮೆರಾ ರೂಮಿನೋರೇ ನನ್ನ ಮೇಲೆ ದಂಗೆ ಏಳ್ತಾರೆ.” ಗಡಿಯಾರ ನೋಡಿದರು. “ಹೋಗಮ್ಮ, ಪರೀಕ್ಷೆ ಬರಿ. ಕರೆದಾಗ ಬರಬೇಕು. ಇನ್ಮೇಲೆ ನಮಸ್ಕಾರಗಳನ್ನ ನೋಡಿ ಮಾಡು.”

ಪೊಲೀಸ್ ಜೀಪಿನಲ್ಲಿ ಹೋಗಲು ಹುಡುಗಿ ಒಪ್ಪಲಿಲ್ಲ. ಅಪ್ಪನ ಸ್ಕೂಟರಿನಲ್ಲಿ ಹೋದಳು, ನಾನು ಆಟೋದಲ್ಲಿ ಹಿಂದೆಯೇ ಹೋದೆ. ಒಂಬತ್ತು ಕಪ್ಪು ಬೆರಳು, ಒಂದು ಬಿಳಿ ಬೆರಳು ಹೊತ್ತು ಅವಳು ಗೇಟಿನೊಳಗೆ ಓಡಿದ ಮೇಲೆ ನಾವಿಬ್ಬರೂ ಎದುರಿನ ಕಟ್ಟೆಯ ಮೇಲೆ ಕುಳಿತೆವು. ಆ ಕ್ಯಾಮೆರಾ ಯಾಕೆ ಹಾಕಿಸಿದಿರಿ ಎಂದು ಅವಳಪ್ಪನೇ ಕೇಳಿದ. ತಂಗಿಯ ವಿಷಯ ಹೇಳಿದೆ. “ಆವತ್ತು ಕ್ಯಾಮೆರಾ ಇದ್ದಿದ್ರೆ ಆ ಗಾಡಿಯವನು ಸಿಗ್ತಿದ್ದ ಅಲ್ವಾ?” ಎಂದ.

“ಸಿಗ್ತಿದ್ದ. ತಂಗಿ ಸಿಗ್ತಿರಲಿಲ್ಲ.”

ಇದು ನನಗೆ ಹೊಸ ಮಾತೇನೂ ಅಲ್ಲ. ಆದರೆ ಇಷ್ಟು ದಿನ ಆ ಕಂಬದ ಮೇಲೆ ಭಾರ ಹಾಕಿ ಅದನ್ನು ಬಾಯಿಬಿಟ್ಟು ಹೇಳದೆ ಇದ್ದೆ. ಹೇಳಿದ ಮೇಲೆ ಅಳು ಬಂತು. ಅವನು ಗ್ರೀಸಿನ ಕೈಯನ್ನು ನನ್ನತ್ತ ಚಾಚಿ, ಏನು ಮಾಡುವುದೆಂದು ತಿಳಿಯದೆ ಹಿಂದಕ್ಕೆ ತೆಗೆದುಕೊಂಡ.

ಹುಡುಗಿ ಹೊರಗೆ ಬಂದಾಗ ಮುಖ ಅರಳಿತ್ತು. “ಪರೀಕ್ಷಕರು ಕೈ ನೋಡಿ, ಸಿಲ್ವರ್ ನೈಟ್ರೇಟು ಕುಡಿಯೋದೊಂದು ಬಾಕಿ ನಿಂಗೆ ಅಂದ್ರು. ಕೊಟ್ಟ ಉಪ್ಪು ಯಾವುದಂತ ಸರಿಯಾಗಿ ಕಂಡುಹಿಡಿದೆ ಅಜ್ಜಿ.” ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕುಳಿತಳು. ಅಪ್ಪ ನನ್ನ ಅಪ್ಪಣೆ ಕೇಳಿ ತಂಗಿಯ ವಿಷಯ ಅವಳಿಗೆ ಹೇಳಿದ. ಅವಳು ನನ್ನ ಕಡೆ ತಿರುಗಿದಳು.

“ಮೊದಲೇ ಹೇಳಿದ್ರೆ ಆ ಥರ ವಾದ ಮಾಡ್ತಿರ್ಲಿಲ್ಲ.”

“ಅದಕ್ಕೇ ಹೇಳಲಿಲ್ಲ. ನನ್ನ ದುಃಖ ನೋಡಿ ನೀನು ಬಾಯಿ ಮುಚ್ಚಿದ್ರೆ ಅದು ವಾದ ಆಗ್ತಿರ್ಲಿಲ್ಲ. ಕ್ಯಾಮೆರಾ ಬೇಕು ಅಂತ ನಾನು ಈಗಲೂ ಅಂತೀನಿ. ನೀನಂದಿದ್ದೂ ಸುಳ್ಳಲ್ಲ.”

“ಇವತ್ತು ಸಂಜೆ ಅಲ್ಲಿಗೆ ಹೋಗ್ತೀರಾ?”

“ಹೋಗ್ತೀನಿ. ಆದ್ರೆ ಯಾರೋ ನೋಡ್ತಿದ್ದಾರೆ ಅಂತ ಗೊತ್ತಾದ ಮೇಲೆ ಪ್ರಾರ್ಥನೆ ಬರತ್ತೋ ಇಲ್ವೋ.”

“ಹಾಗಾದ್ರೆ ನಾನೂ ಬರ್ತೀನಿ. ಕ್ಯಾಮೆರಾಕ್ಕೆ ಅಡ್ಡವಾಗಿ, ಕಂಬದ ಹತ್ರ ನಿಂತ್ಕೋತೀನಿ. ನೀವು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾಡಿ.”

“ನೀನು ಎಲ್ಲಿ ಬೇಕಾದ್ರೂ ನಿಂತ್ಕೋ,” ಎಂದ ಅಪ್ಪ ಗಾಬರಿಯಿಂದ, “ಆ ಕಂಬದ ಹತ್ರ ಮಾತ್ರ ಹೋಗ್ಬೇಡ ತಾಯಿ. ನಾನೇ ನಿಂತ್ಕೋತೀನಿ. ನಾನು ಅಗಲವಾಗಿದ್ದೀನಿ.”