ಚಕ್ರ ಮುಟ್ಟದ ನಲವತ್ತೇಳು ಕಿಲೋಮೀಟರ್

ಗಾಯುನ್ ಎದ್ದು ಹೊರಗೆ ಬಂದಾಗ ಬೆಟ್ಟ ತಪ್ಪು ಜಾಗದಲ್ಲಿತ್ತು.

ಜ್ವರ ಹತ್ತಿ ಈ ಮನೆಯಲ್ಲಿ ಮಲಗಿದಾಗ ಅದು ಬಾಗಿಲಿನ ಬಲಕ್ಕೆ, ದೂರದಲ್ಲಿ, ಹೆಬ್ಬೆರಳಿನಷ್ಟು ಕಾಣುತ್ತಿತ್ತು. ಈಗ ಎಡಕ್ಕೆ ಬಂದು ಮೂಗಿನ ಮುಂದೆ ನಿಂತಿತ್ತು. ಮನೆ ಮಾತ್ರ ಅದೇ ಮನೆ. ಕಂಬಳಿ ಹೊದ್ದ ಅದೇ ದುಂಡು ಡೇರೆ, ಅದೇ ಕಿತ್ತಳೆ ಬಣ್ಣದ ಬಾಗಿಲು, ಒಳಗೆ ಅದೇ ಒಲೆ. ಬಾಗಿಲ ಪಕ್ಕ ಎರಡು ಸೈಕಲ್ ಒಂದಕ್ಕೊಂದು ಒರಗಿ ನಿಂತಿದ್ದವು. ಜ್ವರ ಬಿಟ್ಟ ತಲೆ ಏನೇನೋ ತೋರಿಸುತ್ತದೆ ಎಂದುಕೊಂಡು ಅವಳು ತನ್ನ ಸೈಕಲ್ಲಿನ ಹಿಡಿಕೆಯ ಮೇಲಿದ್ದ ಮೀಟರು ನೋಡಿದಳು. ಆರು ಸಾವಿರದ ಮುನ್ನೂರ ಹದಿನೆಂಟು. ಮಲಗುವ ಮುಂಚೆ ನೋಡಿದಾಗಲೂ ಅಷ್ಟೇ ಇತ್ತು. ಸೈಕಲ್ ಒಂದು ಗೇಣೂ ಓಡಿರಲಿಲ್ಲ. ಬೆಟ್ಟ ಓಡಿತ್ತು.

ಬೆಟ್ಟಗಳು ಹಾಗೆಲ್ಲ ಓಡುವುದಿಲ್ಲ ಎಂಬಷ್ಟು ಭೂಗೋಳ ಶಾಲೆ ಬಿಡುವ ಮುಂಚೆಯೇ ಅವಳಿಗೆ ಆಗಿತ್ತು.

ಅವಳ ಗಂಡ ಡುಹಾನ್ ಡೇರೆಯ ಹಿಂದೆ ಒಣ ಸಗಣಿಯ ರಾಶಿಗೆ ಬೆನ್ನು ಕೊಟ್ಟು ಕೂತು, ಉಪ್ಪು ಹಾಕಿದ ಹಾಲು ಚಹಾ ಕುಡಿಯುತ್ತಿದ್ದ. ಹೆಂಡತಿ ಎದ್ದು ನಡೆದದ್ದು ನೋಡಿ ಅವನ ಮುಖ ಅರಳಿತು. ಅವಳ ಮುಖ ನೋಡಿದ ಮೇಲೆ ಮುದುಡಿತು.

"ನಾವು ಎಲ್ಲಿದೀವಿ?"

"ಮೊದ್ಲು ಚಹಾ ಕುಡಿ."

"ಎಲ್ಲಿದೀವಿ ಅಂತ ಕೇಳ್ದೆ."

"ಇದು ಛುಲೂನ್ ಅವರ ಚಳಿಗಾಲದ ಜಾಗ. ಗಾಳಿ ಕಮ್ಮಿ ಇದೆ ನೋಡು ಇಲ್ಲಿ."

"ಎಷ್ಟು?"

"ಗಾಳಿನಾ?"

"ಡುಹಾನ್."

"ನಲವತ್ತೇಳು ಕಿಲೋಮೀಟರ್."

ಅವಳು ಕೂರಲಿಲ್ಲ. ಕಾಲು ನಡುಗುತ್ತಿದ್ದರೂ ನಿಂತೇ ಇದ್ದಳು. ಕೂತರೆ ಒಪ್ಪಿಕೊಂಡಂತಾಗುತ್ತದೆ ಎಂಬುದು ಅವಳ ಲೆಕ್ಕ.

ಐದು ತಿಂಗಳ ಕೆಳಗೆ ಬುಸಾನ್‌ನ ಕಡಲಲ್ಲಿ ಇಬ್ಬರೂ ಹಿಂದಿನ ಚಕ್ರ ಅದ್ದಿ ಹೊರಟಿದ್ದರು. ಮುಂದಿನ ಚಕ್ರ ಅದ್ದುವುದು ಲಿಸ್ಬನ್‌ನ ಕಡಲಲ್ಲಿ. ನಡುವೆ ಡಾಂಬರು ಕಂಡರೆ ಪಕ್ಕಕ್ಕಿಳಿದು ಮಣ್ಣು, ಮರಳು, ಕಲ್ಲು ಹಿಡಿದು ಹೋಗುವುದು. ನಿಯಮ ಒಂದೇ: ಚಕ್ರ ಮುಟ್ಟದ ನೆಲ ಇರಬಾರದು. ಬಸ್ಸಿಲ್ಲ, ರೈಲಿಲ್ಲ, ಯಾರೋ ಪುಣ್ಯಾತ್ಮರು ನಿಲ್ಲಿಸಿದ ಲಾರಿ ಇಲ್ಲ. ಗೋಬಿ ಮರುಭೂಮಿಯಲ್ಲಿ ನೀರು ಮುಗಿದಾಗ ಒಬ್ಬ ಜೀಪು ನಿಲ್ಲಿಸಿ ಹತ್ತಿ ಅಂದಿದ್ದ. ಗಾಯುನ್ ನೀರು ಇಸಕೊಂಡು ಜೀಪನ್ನು ಕಳಿಸಿದ್ದಳು. ಜೀಪಿನವನು ಅರ್ಧ ಗಂಟೆ ಅಲ್ಲೇ ನಿಂತು ನೋಡಿ, ಹುಚ್ಚರು ಅಂತ ಖಾತ್ರಿಯಾದ ಮೇಲೆ ಹೋಗಿದ್ದ.

ನಿಯಮ ಮಾಡಿದವಳು ಗಾಯುನ್. ಅವಳು ಹದಿನಾರಕ್ಕೆ ಶಾಲೆ ಬಿಟ್ಟವಳು. ಕೂದಲು ಕತ್ತರಿಸುವ ತರಬೇತಿ ನಾಲ್ಕು ತಿಂಗಳಿಗೆ ಬಿಟ್ಟಳು. ಬೇಕರಿ ಕಲಿಯಲು ಹೋಗಿ ಬಿಟ್ಟಳು. ಒಂಬತ್ತು ವರ್ಷ ಪಾರ್ಸೆಲ್ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ್ದು ಮಾತ್ರ ಬಿಡಲಿಲ್ಲ. ಅದನ್ನು ಯಾರೂ ಸಾಧನೆ ಅನ್ನಲಿಲ್ಲ. ಹೊರಡುವ ದಿನ ಅಕ್ಕ ಬಾಗಿಲಲ್ಲಿ ನಿಂತು, "ಇದನ್ನೂ ಅರ್ಧಕ್ಕೆ ಬಿಟ್ಟು ಬರ್ತೀಯ, ಹಾಸಿಗೆ ಮಡಚಿಡಲ್ಲ ಬಿಡು," ಅಂದಿದ್ದಳು. ಡುಹಾನ್ ಶಾಲೆ, ಪದವಿ, ಸೈನ್ಯದ ಕಡ್ಡಾಯ ಸೇವೆ ಎಲ್ಲ ಪೂರ್ತಿ ಮಾಡಿ, ಪ್ರತಿಯೊಂದಕ್ಕೂ ಒಂದು ಕಾಗದ ಇಟ್ಟುಕೊಂಡವನು. ಅಂಥವರಿಗೆ ಒಂದು ಕಡೆ ತೂತು ಬಿದ್ದರೆ ಏನೂ ಅನ್ನಿಸುವುದಿಲ್ಲ. ಹೊಟ್ಟೆ ತುಂಬಿದವನು ಒಂದು ತುತ್ತು ಚೆಲ್ಲಿದ ಹಾಗೆ. ಹುಟ್ಟಿದಾಗಿನಿಂದ ಅರ್ಧ ಅರ್ಧ ತಿಂದವಳಿಗೆ ಆ ತುತ್ತೇ ಊಟ.

"ನನ್ನ ಕೇಳ್ಬೇಕಿತ್ತು," ಅಂದಳು.

"ಕೇಳ್ದೆ. ನೀನು ನನ್ನ 'ಅಮ್ಮಾ' ಅಂದೆ."

ನಡೆದದ್ದು ಇಷ್ಟು. ಈ ಡೇರೆಯ ಒಡೆಯ, ಕುರಿಗಾಹಿ ಛುಲೂನ್ ಮನೆ ಕೀಳುವ ದಿನವನ್ನು ಪಂಚಾಂಗ ನೋಡಿ ಇಟ್ಟಿದ್ದ. ಮಲಗಿದ ಅತಿಥಿಗೋಸ್ಕರ ಒಮ್ಮೆ ಮುಂದೆ ಹಾಕಿದ. ಎರಡನೇ ಸಲ ಹಾಕಲು ಕುರಿಗಳು ಒಪ್ಪಲಿಲ್ಲ, ಮೇವು ಮುಗಿದಿತ್ತು. ಹಾಗಂತ ಕಾಯಿಲೆಯ ಹೆಂಗಸನ್ನು ಬಯಲಲ್ಲಿ ಬಿಟ್ಟು ಮನೆ ಹೊತ್ತುಕೊಂಡು ಹೋಗುವ ಜಾತಿಯಲ್ಲ ಅವರದು. ಅವಳು ಮಲಗಿದ್ದ ಹಾಗೆಯೇ ಮನೆಯನ್ನು ಅವಳ ಮೇಲಿಂದ ಬಿಚ್ಚಿದರು. ಮೊದಲು ಕಂಬಳಿ, ಆಮೇಲೆ ಸೂರಿನ ಕೋಲು, ಆಮೇಲೆ ಗೋಡೆ. ಕೊನೆಗೆ ಆಕಾಶದ ಕೆಳಗೆ ಒಂದು ಮಂಚ, ಮಂಚದ ಮೇಲೆ ಗಾಯುನ್. ಅವಳನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿ, ಸೈಕಲ್ಲುಗಳನ್ನು ಕಂಬಳಿಯ ಮೇಲೆ ಕಟ್ಟಿ, ಇಲ್ಲಿ ಬಂದು ಮನೆಯನ್ನು ಮತ್ತೆ ಅವಳ ಸುತ್ತ ಎಬ್ಬಿಸಿದರು. ನಡುವೆ ಎಲ್ಲೋ ನೀಲಿ ಕಂಡದ್ದನ್ನು ಅವಳು ಕನಸು ಅಂದುಕೊಂಡಿದ್ದಳು.

ಛುಲೂನ್ ಬಂದ. ಐವತ್ತರ ಆಸುಪಾಸಿನ ಗಟ್ಟಿ ಆಳು. ಹಿಂದೆ ಕೊರಿಯಾದ ಒಂದು ಮೇಜು ಕುರ್ಚಿ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದು ಬಂದವನು. ಅವನಿಗೆ ಗೊತ್ತಿದ್ದ ಕೊರಿಯನ್ ಅಷ್ಟೂ ಅಲ್ಲಿನ ಮೇಸ್ತ್ರಿ ಅವನ ಮೇಲೆ ಕಿರುಚಿದ ಕೊರಿಯನ್. ಬೇರೆ ಬಗೆಯದು ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಮರ್ಯಾದೆಯೂ ಅದರಲ್ಲೇ, ಪ್ರೀತಿಯೂ ಅದರಲ್ಲೇ.

"ಏಯ್ ಸೋಮಾರಿ! ಎದ್ಯಾ?" ಅಂದ, ಮುಖದ ತುಂಬ ನಗು. "ಸತ್ತೋದ್ಳು ಅಂದ್ಕೊಂಡಿದ್ದೆ. ನಿಂತ್ಕೊಂಡು ಏನ್ ನೋಡ್ತೀಯ, ಬೇಗ ಬೇಗ ತಿನ್ನು! ತಿನ್ನೋಕೂ ನಾನೇ ಹೇಳ್ಕೊಡ್ಬೇಕಾ?"

ಅವನ ಹೆಂಡತಿ ಸೆರ್ಮಾ ಕರಿದ ಹಿಟ್ಟಿನ ತಟ್ಟೆ ಚಾಚಿದಳು. ಗಾಯುನ್ ಎರಡು ತುಂಡು ತೆಗೆದುಕೊಂಡು ಬಗ್ಗಿ ವಂದಿಸಿದಳು. ಇವರ ಮೇಲೆ ಸಿಟ್ಟು ಮಾಡುವಂತಿಲ್ಲ. ಜೀವ ಉಳಿಸಿದವರ ಮೇಲೆ ಸಿಟ್ಟು ಬಂದರೆ ಅದನ್ನು ಇಡಲು ಜಾಗ ಸಿಗುವುದಿಲ್ಲ, ಎಲ್ಲ ಗಂಡನ ಮೇಲೇ ಬೀಳುತ್ತದೆ.

"ನಾನು ವಾಪಸ್ ಹೋಗ್ತೀನಿ," ಅಂದಳು. "ಸೈಕಲ್ ಎಲ್ಲಿ ನಿಂತಿತ್ತೋ ಅಲ್ಲಿಗೆ. ಅಲ್ಲಿಂದ ಮತ್ತೆ ತುಳ್ಕೊಂಡು ಬರ್ತೀನಿ."

"ಗಡಿ ದಾಟೋ ಕಣಿವೆಗೆ ಹಿಮ ಬೀಳೋಕೆ ಹತ್ತು ದಿನ ಇಲ್ಲ," ಅಂದ ಡುಹಾನ್.

"ಗೊತ್ತು."

"ನಾವು ಹಡಗಲ್ಲಿ ಕೂತಿರ್ಲಿಲ್ವಾ, ಚೀನಾಕ್ಕೆ ಬರುವಾಗ?"

"ಸಮುದ್ರದ ಮೇಲೆ ಚಕ್ರ ಓಡಲ್ಲ."

"ಚೀನಾ ಗಡಿಯಲ್ಲಿ ಜೀಪು?"

"ಅಲ್ಲಿ ಸೈಕಲ್ ತುಳ್ಕೊಂಡು ದಾಟೋ ಹಾಗಿಲ್ಲ. ಅದು ಕಾನೂನು. ಕಾನೂನು ಲೆಕ್ಕಕ್ಕಿಲ್ಲ."

"ಹಾಗಾದ್ರೆ ಜ್ವರಾನೂ ಒಂದು ಸಮುದ್ರ ಅಂದ್ಕೋ."

"ಜ್ವರ ನಂಗೆ ಬಂದಿತ್ತು. ನಿಂಗೇನು ಬಂದಿತ್ತು? ನೀನು ತುಳ್ಕೊಂಡು ಬರಬಹುದಿತ್ತಲ್ಲ?"

ಡುಹಾನ್ ಬಟ್ಟಲು ಕೆಳಗಿಟ್ಟ. "ನಿನ್ನ ತಲೆ ಕಿಟಕಿಗೆ ಬಡೀತಿತ್ತು. ಹಿಡ್ಕೊಂಡು ಕೂತಿದ್ದೆ."

ಅದು ಕೇಳಿ ಅವಳ ಸಿಟ್ಟು ಇಮ್ಮಡಿಯಾಯಿತು.

ಛುಲೂನ್‌ಗೆ ವಿಷಯ ಏನೆಂದು ಡುಹಾನ್ ವಿವರಿಸಿದ. ಛುಲೂನ್ ಮೂರು ಸಲ ಕೇಳಿದ. ನಲವತ್ತೇಳು ಕಿಲೋಮೀಟರ್ ಬೇಗ ತಲುಪಿದ್ದಕ್ಕೆ ಯಾರಾದರೂ ಅಳುತ್ತಾರೆ ಎಂಬುದು ಅವನ ತಲೆಗೆ ಇಳಿಯಲಿಲ್ಲ. ಕೊನೆಗೆ, "ದೊಡ್ಡಿಯ ಹಲಗೆ ಅಲ್ಲೇ ಉಳಿದಿದೆ. ನಾಳೆ ತರೋಕೆ ಹೋಗ್ತೀನಿ. ಹಿಂದುಗಡೆ ಬಿದ್ಕೋ, ಬಿಟ್ಟು ಬರ್ತೀನಿ, ಮಂಕು!" ಅಂದ.

ಆ ಸೀಮೆಯಲ್ಲಿ ನಾಳೆ ಅಂದರೆ ನಾಳಿದ್ದೂ ಆಗಬಹುದು, ಮುಂದಿನ ವಾರವೂ ಆಗಬಹುದು. ಅದು ಗಾಯುನ್‌ಗೆ ಗೊತ್ತಿತ್ತು. ಅವಳು ಆಗಲೇ ಚೀಲ ಕಟ್ಟುತ್ತಿದ್ದಳು.

"ಒಂದ್ ಮಾತು ಕೇಳು ತಾಯಿ," ಅಂದ ಡುಹಾನ್. "ಇಲ್ಲಿಂದ ಅಲ್ಲಿಗೆ ತುಳ್ಕೊಂಡೇ ಹೋಗ್ತೀಯ. ಅಲ್ಲಿಗೆ ಆ ನಲವತ್ತೇಳಕ್ಕೂ ಚಕ್ರ ಮುಟ್ತಲ್ಲ? ಮತ್ತೆ ತುಳ್ಕೊಂಡು ಬರೋದ್ಯಾಕೆ?"

"ಹಿಂದಕ್ಕೆ ಹೋಗೋದು ಮುಂದಕ್ಕೆ ಹೋದಂಗಲ್ಲ. ಹಿಮ್ಮುಖ ಲೆಕ್ಕಕ್ಕಿಲ್ಲ."

"ನೆಲ ಅದೇ ಅಲ್ವಾ?"

"ದಿಕ್ಕು ಬೇರೆ."

ಛುಲೂನ್ ನಡುವೆ ಬಾಯಿ ಹಾಕಿದ. "ಕುರಿ ತುಳಿದ ನೆಲ ತುಳಿದಿದ್ದೇ ಕಣೇ. ಮುಖ ಯಾವ ಕಡೆ ಮಾಡ್ಕೊಂಡಿತ್ತು ಅಂತ ಯಾವ ದಡ್ಡ ಕೇಳ್ತಾನೆ?"

"ನಾನು ಕುರಿ ಅಲ್ಲ."

"ಅದೇ ನಿನ್ನ ತೊಂದ್ರೆ," ಅಂದ ಛುಲೂನ್, ಬಹಳ ಸಮಾಧಾನದಿಂದ.

ಅವಳು ಸೈಕಲ್ ಹತ್ತಿದಳು. ಹತ್ತಿ ತಿರುಗಿ ನೋಡಿ ಹೇಳಿದಳು: "ನೀನು ಬರಬೇಡ. ಇಲ್ಲೇ ತಿಂದ್ಕೊಂಡು ಇರು. ಲಿಸ್ಬನ್ ಮುಟ್ಟಿದಾಗ ನಂದು ಪೂರ್ತಿ, ನಿಂದು ತೂತು."

"ಇಬ್ರದ್ದೂ ಒಂದೇ ದಾರಿ ಅಂದ್ಕೊಂಡಿದ್ದೆ," ಅಂದ ಡುಹಾನ್.

"ಇತ್ತು. ಮೊನ್ನೆವರೆಗೂ."

ದಾರಿ ಎಂದರೆ ಲಾರಿ ಚಕ್ರಗಳು ಬಯಲ ಮೇಲೆ ಗೀಚಿದ ಎಂಟು ಹತ್ತು ಗೆರೆ. ಯಾವುದು ಹಿಡಿದರೂ ಪಕ್ಕದ್ದು ವಾಸಿ ಅನ್ನಿಸುತ್ತದೆ. ಐದು ತಿಂಗಳಲ್ಲಿ ಮೊದಲ ಸಲ ಗಾಳಿ ಬೆನ್ನಿಗಿತ್ತು. ಪಡುವಣದ ಗಾಳಿ ಆಳನ್ನು ನೂಕುವಷ್ಟು ಜೋರಾಗಿ ಅವಳನ್ನು ಹಿಂದಕ್ಕೆ ತಳ್ಳಿಕೊಂಡು ಹೋಯಿತು. ಇಷ್ಟು ಸಲೀಸಾಗಿ ಅವಳು ಎಂದೂ ತುಳಿದಿರಲಿಲ್ಲ. ಅವಳಿಗೆ ಅದೂ ಮೋಸ ಅನ್ನಿಸಿತು. ಇನ್ನೊಂದು ತೊಂದರೆ ಏನೆಂದರೆ, ಬೈಯಲು ಯಾರೂ ಇರಲಿಲ್ಲ. ಮುಂದೆ ಇವಳು, ಹಿಂದೆ ಅವನು, ಹೀಗೆ ಬಂದ ಆರು ಸಾವಿರ ಕಿಲೋಮೀಟರ್‌ನಲ್ಲಿ ಇವಳು ಹಿಂದಕ್ಕೆ ಕೂಗದ ದಿನ ಇರಲಿಲ್ಲ. "ಗುಂಡಿ!" "ಕಲ್ಲು!" "ಸತ್ತ್ಯಾ, ಬದುಕಿದ್ಯಾ?" ಈಗ ಒಂದು ಗುಂಡಿ ಬಂತು. ಅಭ್ಯಾಸಬಲದಿಂದ ಕೂಗಿದಳು. ಗಾಳಿ ಅದನ್ನು ಮುಂದಕ್ಕೆ, ಯಾರೂ ಇಲ್ಲದ ಕಡೆಗೆ ತೆಗೆದುಕೊಂಡು ಹೋಯಿತು.

ಇಪ್ಪತ್ತು ಕಿಲೋಮೀಟರ್‌ಗೆ ಜ್ವರದ ಕಾಲು ಸೋತಿತು. ಒಂದು ಬಂಡೆಯ ಮರೆಯಲ್ಲಿ ಚಿಕ್ಕ ಗುಡಾರ ಹಾಕಿ, ಹುಳಿ ಗಿಣ್ಣು ಚೀಪಿ ಮಲಗಿದಳು. ಗುಡಾರ ಇಬ್ಬರದ್ದು. ಅಗಲ ಹೆಚ್ಚಾಗಿ ಚಳಿ ಒಳಗೇ ಓಡಾಡಿತು. ಬೆಳಿಗ್ಗೆ ಉಳಿದ ಇಪ್ಪತ್ತೇಳನ್ನು ನಿಂತು ನಿಂತು ಮುಗಿಸಿದಳು. ಮಧ್ಯಾಹ್ನದ ಹೊತ್ತಿಗೆ ಹಳೆಯ ಜಾಗ ಕಂಡಿತು. ಹುಲ್ಲಿನ ನಡುವೆ ಡೇರೆ ನಿಂತಿದ್ದ ಕಡೆ ಹಳದಿ ಬಿಲ್ಲೆಯಂಥ ಒಂದು ದುಂಡು, ಪಕ್ಕದಲ್ಲಿ ಹಲಗೆ ರಾಶಿ.

ಹಲಗೆ ರಾಶಿಯ ಪಕ್ಕ, ಬೇರೆ ಗೆರೆ ಹಿಡಿದು ಅವಳನ್ನು ದಾಟಿ ಬಂದ ನೀಲಿ ಲಾರಿ. ಛುಲೂನ್‌ನ ನಾಳೆ ಈ ಸಲ ನಾಳೆಯೇ ಆಗಿತ್ತು.

ಹಳದಿ ದುಂಡಿನ ಅಂಚಿನಲ್ಲಿ ಡುಹಾನ್ ತನ್ನ ಸೈಕಲ್ ಹಿಡಿದು ನಿಂತಿದ್ದ. ಮುಂದಿನ ಚಕ್ರ ಪಡುವಣಕ್ಕೆ ತಿರುಗಿತ್ತು.

"ಲಾರಿಯಲ್ಲಿ ಬಂದೆಯಾ?" ಗಾಯುನ್ ಕೇಳಿದಳು.

"ಹಿಂದಕ್ಕೆ ಬಂದಿದ್ದು ಲೆಕ್ಕಕ್ಕಿಲ್ಲ ಅಂತ ನೀನೇ ಹೇಳಿದ್ದು."

"ಯಾಕೆ ಬಂದೆ?"

ಸುಳ್ಳು ಹೇಳುವುದಾದರೆ ಡುಹಾನ್ ಬಹಳ ಚೆಂದದ್ದು ಹೇಳಬಹುದಿತ್ತು. "ನಲವತ್ತೇಳು ಕಿಲೋಮೀಟರ್ ಇವತ್ತು ತುಳಿಯೋದಾ, ಇಲ್ಲಾ ಉಳಿದ ಹನ್ನೆರಡು ಸಾವಿರ ಕಿಲೋಮೀಟರ್ ನಿನ್ನ ಬಾಯಲ್ಲಿ ಕೇಳೋದಾ ಅಂತ ನೋಡ್ದೆ. ಇದು ವಾಸಿ ಅನ್ನಿಸ್ತು."

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಆದರೆ ಅವಳು ಸೈಕಲ್ಲಿನಿಂದ ಇಳಿದಳು. ಹಿಂದಿನ ದಿನದಿಂದ ಅವಳು ಇಳಿದಾಗಲೆಲ್ಲ ಕಾಲು ಕೈಕೊಡುತ್ತಿತ್ತು. ಈಗಲೂ ಕೊಟ್ಟಿತು. ಅವಳು ಹಲಗೆಯ ಮೇಲೆ ಕೂತಳು, ಬೇಕೆಂದೇ ಕೂತವಳಂತೆ.

"ನೀನೂ ಬರ್ತೀಯಲ್ಲ," ಅಂದ ಅವನು. "ಮತ್ತೆ ತುಳ್ಕೊಂಡು."

ಅವಳು ಪಡುವಣದ ಕಡೆ ನೋಡಿದಳು. ಅವಳನ್ನು ಇಲ್ಲಿಗೆ ಎಸೆದ ಗಾಳಿ ಈಗ ಎದುರಿಗಿತ್ತು. ತನ್ನ ಮಂಡಿ ನೋಡಿಕೊಂಡಳು. ಬಲಗಡೆಯದು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ತುಳಿದರೆ ನಡುದಾರಿಯಲ್ಲಿ ಮತ್ತೆ ಜ್ವರ, ಮತ್ತೆ ಮಂಚ, ಮತ್ತೆ ಯಾರದೋ ಲಾರಿ. ಆಗ ಕಣಿವೆಯೂ ಮುಚ್ಚುತ್ತದೆ, ದಾರಿಯೂ ಅರ್ಧಕ್ಕೆ ನಿಲ್ಲುತ್ತದೆ. ಅಕ್ಕ ಹಾಸಿಗೆ ಇನ್ನೂ ಮಡಚಿರಲಿಕ್ಕಿಲ್ಲ.

"ಇಲ್ಲ," ಅಂದಳು. "ನಂದು ಮುಗೀತು. ನೆಲ ಅದೇ."

"ಹಿಮ್ಮುಖ ಲೆಕ್ಕಕ್ಕಿಲ್ಲ ಅಂದಿದ್ದೆ."

"ಅದು ನಿನ್ನೆ ಅಂದಿದ್ದು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಒಂದು ಮಾತಿನಿಂದ ಹಿಂದೆ ಸರಿದದ್ದು ಡುಹಾನ್‌ಗೆ ನೆನಪಿರಲಿಲ್ಲ. ಸರಿದದ್ದೂ ತನ್ನನ್ನು ಗಾಳಿಗೆ ಕೊಟ್ಟು ಅವಳು ಲಾರಿ ಹತ್ತುವ ಸಲುವಾಗಿ. ಅವನು ಇದನ್ನು ಗೆಲುವು ಅಂದುಕೊಳ್ಳಲು ಪ್ರಯತ್ನಿಸಿದ.

"ಏನ್ರೋ ಬಾಯಿ ಬಿಟ್ಕೊಂಡು ನಿಂತಿದೀರ!" ಛುಲೂನ್ ಕೂಗಿದ. "ಹಲಗೆ ನಿಮ್ಮಪ್ಪ ಎತ್ತಿಡ್ತಾನಾ?"

ಮೂವರೂ ಹಲಗೆಗಳನ್ನು ಲಾರಿಗೆ ಎತ್ತಿಟ್ಟರು. ಮೇಲೆ ಗಾಯುನ್ ತಾನೇ ತನ್ನ ಸೈಕಲ್ ಇಟ್ಟು, ತಾನೇ ಹಗ್ಗ ಬಿಗಿದಳು. ಬೇರೆಯವರು ಕಟ್ಟಲು ಬಂದರೆ ಬಿಡಲಿಲ್ಲ. ಡುಹಾನ್ ಮುಂದೆ ಹೊರಟ. ಛುಲೂನ್ ದಿಬ್ಬದಿಂದ ದಿಬ್ಬಕ್ಕೆ ಲಾರಿ ಓಡಿಸಿ, ನಿಲ್ಲಿಸಿ, ಕಾದ. ಗಾಯುನ್ ಕಿಟಕಿಯಲ್ಲಿ ಕತ್ತು ಹಾಕಿ ನೋಡುತ್ತಿದ್ದಳು. ಐದು ತಿಂಗಳು ಮುಂದೆ ಇದ್ದವಳಿಗೆ ಅವನು ತುಳಿಯುವುದು ಹೇಗೆ ಎಂಬುದು ಗೊತ್ತೇ ಇರಲಿಲ್ಲ. ಎಡ ಮಂಡಿ ಹೊರಕ್ಕೆ ಚಾಚಿ, ಬಾತುಕೋಳಿಯ ಹಾಗೆ ತುಳಿಯುತ್ತಿದ್ದ. ಇಂಥ ತುಳಿತದಲ್ಲಿ ಆರು ಸಾವಿರ ಕಿಲೋಮೀಟರ್ ತನ್ನ ಬೆನ್ನು ಬಿಡದೆ ಹೇಗೆ ಬಂದ ಎಂದು ಅವಳಿಗೆ ಬಗೆಹರಿಯಲಿಲ್ಲ.

"ಎಡಕ್ಕೆ! ಎಡಕ್ಕೆ ಹೋಗು, ಆ ಕಡೆ ಮರಳು!" ಕೂಗಿದಳು.

ಅವನು ಬಲಕ್ಕೆ ಹೋಗಿ ಬಿದ್ದ. ಎದ್ದು ಮರಳು ಕೊಡವಿಕೊಂಡು ಮತ್ತೆ ಹತ್ತಿದ.

ಮೂರನೇ ದಿಬ್ಬದಲ್ಲಿ ಅವನು ಲಾರಿಯ ಹತ್ತಿರ ಬಂದು ನಿಂತಾಗ ತುಟಿ ಒಡೆದಿತ್ತು. ಗಾಯುನ್ ಕಿಟಕಿಯಿಂದಲೇ ನೀರಿನ ಬಾಟಲಿ ಕೊಟ್ಟಳು. ಅವನು ಅರ್ಧ ಕುಡಿದು, ಲಾರಿಯ ಹಿಂದಿನ ಕಬ್ಬಿಣದ ಕೊಂಡಿಯನ್ನು ಬಹಳ ಹೊತ್ತು ನೋಡಿದ.

"ಅದನ್ನ ಹಿಡ್ಕೊಂಡು ಬಂದ್ರೆ?" ಅಂದ. "ಚಕ್ರ ನೆಲ ಮುಟ್ಕೊಂಡೇ ಇರುತ್ತೆ."

ಗಾಯುನ್ ಇದನ್ನು ನಿಜವಾಗಿಯೂ ಯೋಚಿಸಿದಳು. ಎಲ್ಲ ಕಡೆಯಿಂದ ಯೋಚಿಸಿದಳು.

"ಇಲ್ಲ," ಅಂದಳು.

ಡುಹಾನ್ ತಲೆಯಾಡಿಸಿ ಬಾಟಲಿ ವಾಪಸ್ ಕೊಟ್ಟ. ಅವಳು ಗಾಜು ಏರಿಸಿದಳು, ಗಾಳಿಯಲ್ಲಿ ಮರಳು ಬರುತ್ತಿತ್ತು. ಇನ್ನೂ ಮೂವತ್ತೊಂದು ಕಿಲೋಮೀಟರ್ ಇತ್ತು.