ಬರಿಗೊರಳಿನ ಆಟ

ಸುಬ್ಬಲಕ್ಷ್ಮಿಯ ಎತ್ತರವೇ ಮದುವೆಗೆ ಅಡ್ಡಿ ಎಂದು ಹೆತ್ತವರು ಕೊರಗುತ್ತಿದ್ದಾಗ, ಅದೇ ಎತ್ತರ ಅವಳನ್ನು ಸಿಂಗಪುರಕ್ಕೆ ಕರೆದೊಯ್ದಿತ್ತು. ಭಾರತದ ನೆಟ್‌ಬಾಲ್ ತಂಡದಲ್ಲಿ ಅವಳು ಗೋಲು ಹಾಕುವವಳು. ಆಟದ ಹೆಸರು ಕೇಳಿದವರೆಲ್ಲ "ಬ್ಯಾಸ್ಕೆಟ್‌ಬಾಲಾ?" ಎನ್ನುತ್ತಿದ್ದರು. ಚೆಂಡು ಕೈಗೆ ಬಂದ ಮೇಲೆ ಓಡುವಂತಿಲ್ಲ, ನಿಂತಲ್ಲಿಂದಲೇ ಎಸೆಯಬೇಕು ಎಂದು ವಿವರಿಸಿ ವಿವರಿಸಿ ಅವಳಿಗೆ ಸಾಕಾಗಿತ್ತು. ಆಟದ ಕೋಟಾದಲ್ಲೇ ಪೀಣ್ಯದ ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಲೇತ್ ವಿಭಾಗದ ಶ್ಯಾಮಸುಂದರನೂ ಸಿಕ್ಕ. ಅವನು ಅವಳ ಭುಜದವರೆಗೆ ಬರುತ್ತಿದ್ದ, ಅದರ ಬಗ್ಗೆ ಅವನಿಗೆ ಒಂದಿಷ್ಟೂ ಬೇಜಾರಿರಲಿಲ್ಲ.

ಮದುವೆಯಾದ ಮೇಲೆ ಒಂದೇ ತೊಡಕು. ನೆಟ್‌ಬಾಲಿನಲ್ಲಿ ಮೈಮೇಲೆ ಒಡವೆ ಇರಕೂಡದು. ಎದುರಾಳಿಗೆ ಗೀರುತ್ತದೆಂದು ಉಗುರನ್ನೂ ಪರೀಕ್ಷೆ ಮಾಡುತ್ತಾರೆ. ಇವರ ಮನೆಯಲ್ಲೋ ತಾಳಿ ತೆಗೆಯಕೂಡದು. ಕರಿಮಣಿ ಹೊಸದಾಗಿ ಪೋಣಿಸುವ ಅಷ್ಟು ಹೊತ್ತಿಗೂ ಕೊರಳಲ್ಲಿ ಅರಿಶಿನದ ಕೊಂಬು ಕಟ್ಟಿದ ದಾರ ಇರಲೇಬೇಕು, ಇಲ್ಲದಿದ್ದರೆ ಗಂಡನ ಆಯುಷ್ಯಕ್ಕೆ ಕೇಡು. ಸುಬ್ಬಲಕ್ಷ್ಮಿ ಓದಿದವಳೇ, ಆದರೆ ಶ್ಯಾಮನ ವಿಷಯಕ್ಕೆ ಬಂದರೆ ಓದು ಕೈಕೊಡುತ್ತಿತ್ತು. ಅವನೆಂದರೆ ಅವಳಿಗೆ ಅಷ್ಟು ಪ್ರಾಣ. ಹಾಗಾಗಿ ತಾಳಿಯನ್ನು ಅಂಗಿಯೊಳಗೆ ಪ್ಲಾಸ್ಟರ್ ಹಾಕಿ ಅಂಟಿಸಿಕೊಂಡು ಆಡುತ್ತಿದ್ದಳು. ಊರಿನ ಅಂಪೈರುಗಳು ಕಂಡೂ ಕಾಣದವರಂತೆ ಇದ್ದುಬಿಡುತ್ತಿದ್ದರು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಮಲೇಷ್ಯಾಕ್ಕೆ ಹೋಗುವ ಭಾರತ ತಂಡದ ಆಯ್ಕೆ ಪಂದ್ಯ ಕಾರ್ಖಾನೆಯ ಮೈದಾನದಲ್ಲೇ ನಿಗದಿಯಾಯಿತು. ಸುಬ್ಬಲಕ್ಷ್ಮಿಗೆ ಮೂವತ್ತು ಹತ್ತಿರವಾಗಿತ್ತು. ಇದು ತಪ್ಪಿದರೆ ಮತ್ತೆ ಕರೆಯುವವರಿಲ್ಲ. ಮಾವ ತೀರಿಕೊಂಡಾಗಿನಿಂದ ನಾಲ್ಕು ಜನ ಸೇರುವ ಕಡೆ ಕಾಲಿಡದಿದ್ದ ಅತ್ತೆ ಸೀತಾಲಕ್ಷ್ಮಮ್ಮ ಅಂದು, "ನಾನೂ ಬರ್ತೀನಿ ಕಣೆ. ಕ್ವಾರ್ಟರ್ಸ್‌ನೋರೆಲ್ಲ ನಿನ್ನ ಆಟ ನೋಡಿದಾರೆ, ನಾನೊಬ್ಳೇ ನೋಡಿಲ್ಲ" ಎಂದು ಮೊಸರನ್ನದ ಡಬ್ಬಿ ಹಿಡಿದು ಹೊರಟೇಬಿಟ್ಟರು.

ಅಂಪೈರು ದೆಹಲಿಯಿಂದ ಬಂದಿದ್ದ ಖಡಕ್ ಹೆಂಗಸು. ಆಟಗಾರ್ತಿಯರನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡಿದಳು, ಕಿವಿ ನೋಡಿದಳು, ಸುಬ್ಬಲಕ್ಷ್ಮಿಯ ಕತ್ತಿನ ಹಿಂದೆ ಇಣುಕಿದ ಸರವನ್ನೂ ನೋಡಿದಳು. ತೆಗೆ, ಇಲ್ಲವೇ ಹೊರಗೆ ಕೂತುಕೋ ಎಂದು ಹಿಂದಿಯಲ್ಲಿ ಹೇಳಿದಳು. ಪ್ಲಾಸ್ಟರ್ ಹಾಕಿದ್ದೇನೆಂದರೂ ಒಪ್ಪಲಿಲ್ಲ. ಕೋಚ್ ಹನುಮಯ್ಯ ಓಡಿ ಬಂದರು.

"ಒಂದು ಗಂಟೆ ಮಟ್ಟಿಗೆ ತೆಗೆದಿಡಮ್ಮ. ದೇವರೇನು ಗಡಿಯಾರ ನೋಡ್ಕೊಂಡು ಕೂತಿರ್ತಾನಾ?"

ಸುಬ್ಬಲಕ್ಷ್ಮಿಯ ಕೈ ಕತ್ತಿನವರೆಗೆ ಹೋಗಿ ನಿಂತಿತು. ಎದುರಿಗೇ ಅತ್ತೆ. ಶ್ಯಾಮ ಆ ಹೊತ್ತಿನಲ್ಲಿ ಲೇತಿನ ಮುಂದೆ ನಿಂತಿರುತ್ತಾನೆ. ಗಿರ್ರನೆ ತಿರುಗುವ ಯಂತ್ರ, ಸಿಡಿಯುವ ಕಬ್ಬಿಣದ ಚೂರು ಅವಳ ಕಣ್ಣಿಗೆ ಕಟ್ಟಿತು.

"ನಾನು ಆಡಲ್ಲ ಸಾರ್" ಎಂದು, ಎದೆಯ ಮೇಲಿದ್ದ, ಗೋಲ್ ಶೂಟರ್ ಎಂದು ಗುರುತಿಸುವ ಜಿ.ಎಸ್. ಅಕ್ಷರದ ಪಟ್ಟಿ ಬಿಚ್ಚತೊಡಗಿದಳು. ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಸೀತಾಲಕ್ಷ್ಮಮ್ಮ ಡಬ್ಬಿ ಕೆಳಗಿಟ್ಟು, ದೇವಸ್ಥಾನಕ್ಕೆ ಬಂದವರಂತೆ ಚಪ್ಪಲಿ ಹೊರಗೆ ಬಿಟ್ಟು ಅಂಕಣದೊಳಗೆ ಬಂದರು. ಸೊಸೆಯನ್ನು ದರದರ ಎಳೆದುಕೊಂಡು ಹೋಗುತ್ತಾರೆಂದೇ ಎಲ್ಲರೂ ಅಂದುಕೊಂಡರು.

"ಬಗ್ಗು" ಎಂದರು.

ಬಗ್ಗಿದಳು. ಅತ್ತೆ ಅವಳ ಸರದ ಕೊಕ್ಕೆ ಬಿಚ್ಚಿ, ತಾಳಿಯನ್ನು ಪ್ಲಾಸ್ಟರಿನ ಸಮೇತ ಮೇಲಕ್ಕೆ ಎಳೆದುಕೊಂಡರು. ವಿಧವೆಯೊಬ್ಬಳು ಮುತ್ತೈದೆಯ ತಾಳಿಗೆ ಕೈ ಹಾಕಿದ್ದನ್ನು ಕಂಡು ಕ್ವಾರ್ಟರ್ಸಿನ ಹೆಂಗಸರು ಬಾಯಿಗೆ ಸೆರಗು ಹಿಡಿದರು.

"ಅತ್ತೆ, ಅವರಿಗೇನಾದ್ರೂ ಆದ್ರೆ..."

"ಅವನು ನನ್ನ ಮಗ. ನನಗಿಲ್ವಾ ಆ ಭಯ?" ಸೀತಾಲಕ್ಷ್ಮಮ್ಮ ತಾಳಿಯನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಮದುವೆಯಾದಾಗಿನಿಂದ ನಾನು ಒಂದು ಗಳಿಗೆನೂ ತೆಗೆದಿಟ್ಟವಳಲ್ಲ ಕಣೆ, ಸುಬ್ಬು. ಆದ್ರೂ ನಿಮ್ಮ ಮಾವ ಹೋಗ್ಬಿಟ್ರು. ಕಣ್ಣೊರೆಸ್ಕೊ. ಹೋಗಿ ಆಡು."