ಕ್ವೀನ್ಸ್‌ಬರಿಯಲ್ಲಿ ಸಿಕ್ಕಿಬಿದ್ದ ರೋಮ್ ಪ್ರಯಾಣ

ಅಮೆರಿಕದಲ್ಲಿದ್ದ ಅಷ್ಟೂ ವರ್ಷ ಲಕ್ಷ್ಮೀಶ ಮಂಡ್ಯದವನಾಗಿಯೇ ಇದ್ದ. ಅವನು ಅಮೆರಿಕದವನಾದದ್ದು ಲಂಡನ್ನಿಗೆ ಬಂದ ಮೇಲೆ.

ಒಹಾಯೋದ ಕೊಲಂಬಸ್ಸಿನಲ್ಲಿ ಭಾನುವಾರ ಬಂತೆಂದರೆ ಮುದ್ದೆ, ಉಪ್ಸಾರು. ಯುಗಾದಿಗೆ ಕನ್ನಡ ಕೂಟದ ವೇದಿಕೆಯ ಮೇಲೆ ಪಂಚೆ ಉಟ್ಟು ಮೈಕು ಹಿಡಿದನೆಂದರೆ ಅವನನ್ನು ಕೆಳಗಿಳಿಸಲು ಇಬ್ಬರು ಬೇಕಾಗುತ್ತಿತ್ತು. ಅಮೆರಿಕದ ಪೌರತ್ವ ಸಿಕ್ಕ ದಿನವೂ ಮನೆಗೆ ಬಂದು, "ಇದೆಲ್ಲ ಕಾಗದಕ್ಕೆ ಮಾತ್ರ ಕಣೆ" ಎಂದಿದ್ದ. ಅಂಥವನನ್ನು ಕಂಪನಿ ಮೂರು ವರ್ಷಕ್ಕೆಂದು ಲಂಡನ್ ಕಚೇರಿಗೆ ಕಳಿಸಿತು. ಅಲ್ಲಿನ ಪಿನ್ನರ್ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ವಾರದಲ್ಲೇ ಮನುಷ್ಯ ಬದಲಾಗಿಬಿಟ್ಟ.

"ಬಟ್ಟೆ ಒಗಿಯೋ ಮಿಷಿನ್ನ ತಂದು ಅಡುಗೆಮನೇಲಿ ಇಟ್ಟವ್ರಲ್ಲೇ! ನಮ್ ಕಡೆ ಹಿಂಗೆಲ್ಲ ಇಲ್ಲಪ್ಪ."

ಅವನ ಹೆಂಡತಿ ಕಲ್ಯಾಣಿ ಪಾತ್ರೆ ಜೋಡಿಸುತ್ತಿದ್ದವಳು ತಿರುಗಿ ನೋಡಿದಳು. ಮದುವೆಯಾದಾಗಿನಿಂದ 'ನಮ್ ಕಡೆ' ಎಂದರೆ ಮಂಡ್ಯ. ಮೈಸೂರಿನವಳಾದ ತನಗೇ ಆ ಎರಡು ಪದದೊಳಗೆ ಜಾಗ ಸಿಕ್ಕಿರಲಿಲ್ಲ. ಈಗ ನೋಡಿದರೆ ಅದು ಸದ್ದಿಲ್ಲದೆ ಸಮುದ್ರ ದಾಟಿ ಒಹಾಯೋಕ್ಕೆ ಹೋಗಿ ಕೂತಿತ್ತು. ನಮ್ ಕಡೆ ಫ್ರಿಜ್ಜು ಆಳೆತ್ತರ ಇರುತ್ತೆ, ನಮ್ ಕಡೆ ನೀರು ಕೇಳಿದರೆ ಐಸು ತಾನಾಗೇ ಬರುತ್ತೆ, ನಮ್ ಕಡೆ ಬಿಸಿನೀರಿಗೂ ತಣ್ಣೀರಿಗೂ ಒಂದೇ ನಲ್ಲಿ. ಕಲ್ಯಾಣಿ ಹೂಂ ಎನ್ನುತ್ತಾ ಮುಗುಳ್ನಗುತ್ತಿದ್ದಳು. ನಗು ಕಂಡರೆ ಅವನಿಗೆ ಸಿಟ್ಟು ಬರುತ್ತದೆಂದು ನಲ್ಲಿಯ ಕಡೆ ತಿರುಗಿ ನಗುತ್ತಿದ್ದಳು.

ಯುರೋಪು ನೋಡುವುದರಲ್ಲಿ ಮಾತ್ರ ಲಕ್ಷ್ಮೀಶನಿಗೆ ಸುಸ್ತೆಂಬುದಿರಲಿಲ್ಲ. ಮಗಳು ಇಂಚರಾಳ ಶಾಲೆಗೆ ರಜೆ ಸಿಕ್ಕಿತೆಂದರೆ ಒಂದು ದೇಶ. ಲಿಸ್ಬನ್ ಆಯಿತು, ಆಮ್‌ಸ್ಟರ್‌ಡ್ಯಾಮ್ ಆಯಿತು. ವಿಯೆನ್ನಾದ ಅರಮನೆಯೊಂದರ ಕಾಫಿ ಅಂಗಡಿಯಲ್ಲಿ ಲೋಟದ ತುಂಬ ಐಸು ಬೇಕೆಂದು ಕೇಳಿದಾಗ, ಅಲ್ಲಿನ ಪರಿಚಾರಕ ಮೂರೇ ಮೂರು ತುಂಡನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು, ತೀರ್ಥ ಕೊಟ್ಟ ಹಾಗೆ ಕೊಟ್ಟುಹೋಗಿದ್ದ.

ಹದಿನೈದರ ಇಂಚರಾ ಹುಟ್ಟಿದ್ದೂ ಬೆಳೆದಿದ್ದೂ ಕೊಲಂಬಸ್ಸಿನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಅಪ್ಪಟ ಒಹಾಯೋ ಇಂಗ್ಲಿಷಿನಲ್ಲಿ. 'ಮಾಮ್' ಎಂದು ಕರೆದಳೆಂದರೆ ಬಾಯಿ ತುಂಬ ಗಾಳಿ. "ಈ ಊರಿನ ಗಾಳಿ ನನ್ ಮಗಳಿಗೆ ಸೋಕಿಲ್ಲ ನೋಡು" ಎಂದು ಲಕ್ಷ್ಮೀಶ ಬೀಗುತ್ತಿದ್ದ.

ಮಾರ್ಚಿನಲ್ಲಿ ಅವನು ಕಾರು ತಂದ. ಏಳು ಸೀಟಿನ, ಎತ್ತರದ, ಕಪ್ಪನೆಯ, ಸೆಕೆಂಡ್ ಹ್ಯಾಂಡ್ ಕಾರು. ಇದ್ದವರು ಮೂವರು. ಮನೆಯ ಮುಂದೆ ನಿಲ್ಲಿಸಿದಾಗ ಅದರ ಮೂತಿ ಪಕ್ಕದ ಮನೆಯ ಗುಲಾಬಿ ಗಿಡದವರೆಗೂ ಹೋಯಿತು. ಎದುರು ಮನೆಯ ಇಂಗ್ಲಿಷ್ ಮುದುಕರು ಬಂದು ಸುತ್ತಲೂ ನೋಡಿ, "ಭಾರೀ ಧೈರ್ಯದ ಆಯ್ಕೆ" ಎಂದರು. ಲಕ್ಷ್ಮೀಶ ಅದನ್ನು ಹೊಗಳಿಕೆಯೆಂದೇ ತಿಳಿದು ಥ್ಯಾಂಕ್ಯೂ ಹೇಳಿದ. ಹಿಂದಿನ ಬೀದಿಯಲ್ಲಿದ್ದ ಧಾರವಾಡದ ಡಾಕ್ಟರ್ ವಿಶ್ವನಾಥ ಅಷ್ಟು ನಯದವರಲ್ಲ.

"ಏನ್ರೀ ಲಕ್ಷ್ಮೀಶ, ಇದೇನು ಕಾರೋ, ಹಡಗೋ? ಇಲ್ಲಿ ಓಣ್ಯಾಗ ಇದನ್ನ ಹೊಕ್ಕಿಸಿದ್ರ ಹೊರಗ ತಗಿಯಾಕ ನನ್ನಂಥ ಡಾಕ್ಟ್ರೇ ಬೇಕಾಗ್ತದ ನೋಡ್ರಿ."

"ನಮ್ ಕಡೆ ಇದು ಮೀಡಿಯಂ ಸೈಜು ಡಾಕ್ಟ್ರೇ."

"ಮಂಡ್ಯದಾಗ?" ಎಂದು ವಿಶ್ವನಾಥ ಮುಖ ಒಂದಿಷ್ಟೂ ಬದಲಿಸದೆ ಕೇಳಿದರು. ಕಲ್ಯಾಣಿಗೆ ಅಂದು ನಗಲು ಅಡುಗೆಮನೆಯವರೆಗೂ ಓಡಬೇಕಾಯಿತು.

ಈಸ್ಟರ್ ರಜೆಗೆ ರೋಮ್ ಎಂದು ನಿಶ್ಚಯವಾಯಿತು. ಲೂಟನ್ ನಿಲ್ದಾಣದಿಂದ ವಿಮಾನ. ಹೊರಡುವ ಬೆಳಿಗ್ಗೆ ಸೂಟ್‌ಕೇಸುಗಳನ್ನು ಒಂದರ ಮೇಲೊಂದು ಪೇರಿಸಿ ಹೊರಟದ್ದೂ ಸರಿಯಾದ ಹೊತ್ತಿಗೇ. ಆದರೆ ಹ್ಯಾರೋ ದಾಟುತ್ತಿದ್ದಂತೆ ಲಕ್ಷ್ಮೀಶನಿಗೆ ಹೊಟ್ಟೆಯ ಯೋಚನೆ ಹತ್ತಿತು.

"ರೋಮಲ್ಲಿ ನಾಕ್ ದಿನ ಏನ್ ತಿನ್ನೋದು? ಕ್ವೀನ್ಸ್‌ಬರೀಲಿ ಗುಜರಾತಿ ಅಂಗ್ಡಿ ಹತ್ರ ಒಂದೈದು ನಿಮಿಷ ನಿಲ್ಸಿ ತೇಪ್ಲಾ ತಗೊಂಬಿಡನ. ವಾರ ಇಟ್ರೂ ಕೆಡಲ್ಲ."

"ಪಿಜ್ಜಾ ಹುಟ್ಟಿದ ದೇಶಕ್ಕೆ ಗುಜರಾತಿ ರೊಟ್ಟಿ ಹೊತ್ಕೊಂಡು ಹೋಗ್ತೀರಾ?" ಎಂದಳು ಕಲ್ಯಾಣಿ.

"ಎಷ್ಟು ದಿನಾಂತ ಚೀಸ್ ತಿಂತೀಯ?"

ಹಿಂದಿನ ಸೀಟಿನಿಂದ, "ಡ್ಯಾಡ್, ವಿ ಆರ್ ಗೋಯಿಂಗ್ ಟು ಬಿ ಲೇಟ್" ಎಂಬ ದನಿ ಬಂತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತೇಪ್ಲಾ ಸಿಕ್ಕಿತು. ಅದರ ಜೊತೆಗೆ ಚಕ್ಕುಲಿ, ಬಾಳೆಕಾಯಿ ಚಿಪ್ಸು, ಯಾಕೆಂದು ಯಾರಿಗೂ ಗೊತ್ತಿಲ್ಲದ ಒಂದು ಕಟ್ಟು ಕರಿಬೇವೂ ಬಂತು. ಹೊತ್ತಾಗಿತ್ತು. ದೊಡ್ಡ ರಸ್ತೆಯಲ್ಲಿ ಬಸ್ಸುಗಳು ಸಾಲುಗಟ್ಟಿದ್ದವು. ಲಕ್ಷ್ಮೀಶ ಅಡ್ಡರಸ್ತೆಯೊಂದಕ್ಕೆ ಕಾರು ತಿರುಗಿಸಿದ.

ಲಂಡನ್ನಿನ ಅಂಚಿನ ಬಡಾವಣೆಗಳ ಅಡ್ಡರಸ್ತೆಯೆಂದರೆ ಎರಡೂ ಬದಿಗೆ ನಿಂತ ಕಾರುಗಳು, ನಡುವೆ ಒಬ್ಬರು ಹೋಗುವಷ್ಟು ಜಾಗ. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಹಿಂದೆ ಸರಿಯಬೇಕು, ಇನ್ನೊಬ್ಬರು ಕೈಯೆತ್ತಿ ಥ್ಯಾಂಕ್ಸ್ ಹೇಳಬೇಕು. ಎದುರಿನಿಂದ ಸೋಫಾ ಹೊತ್ತ ಲಾರಿ ಬಂತು. ಹಿಂದೆ ಸರಿಯಲು ಆಗ ಬೇಕಾದಷ್ಟು ಜಾಗವಿತ್ತು.

"ಮೊದಲು ಒಳಗ್ ಬಂದಿರೋನು ನಾನು. ಅವ್ನೇ ಹೋಗ್ಲಿ" ಎಂದ ಲಕ್ಷ್ಮೀಶ.

"ರೀ, ಅದು ಲಾರಿ."

"ಆದ್ರೇನು? ನ್ಯಾಯ ನ್ಯಾಯಾನೇ."

ನ್ಯಾಯಕ್ಕಾಗಿ ಕಾಯುತ್ತಿರುವಾಗ ಬೆನ್ನ ಹಿಂದೆ ಒಂದು ಕಾರು ಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಈಗ ಲಕ್ಷ್ಮೀಶ ಬೆವೆತ. ಎಡಕ್ಕೆ ಒಂದಿಷ್ಟು ಸರಿದರೆ ಲಾರಿ ದಾಟಿಹೋದೀತೆಂದು ಸ್ಟಿಯರಿಂಗ್ ತಿರುಗಿಸಿದ. ಬಲಗಡೆಯ ಡ್ರೈವಿಂಗಿನಲ್ಲಿ ಪಳಗಿದ ಕೈಗೆ ಎಡಬದಿಯ ಅಂದಾಜು ಇನ್ನೂ ಸಿಕ್ಕಿರಲಿಲ್ಲ. ಕರ್‌ರ್ ಎಂದಿತು. ಎಡಗಡೆಯ ಕನ್ನಡಿ, ಅಲ್ಲಿ ನಿಂತಿದ್ದ ಕೆಂಪು ಪುಟ್ಟ ಕಾರಿನ ಕನ್ನಡಿಗೆ ಕೊಂಬಿಗೆ ಕೊಂಬು ಕೊಟ್ಟ ಹಾಗೆ ಸಿಕ್ಕಿಕೊಂಡಿತು. ಹಿಂಭಾಗ ಬಲಗಡೆಯ ಬಿಳಿ ವ್ಯಾನಿಗೆ ಅಂಟಿಕೊಂಡಿತು. ಬಾಗಿಲು ತೆರೆಯಹೋದರೆ ಎರಡೂ ಕಡೆ ಕೈ ತೂರುವಷ್ಟೂ ಜಾಗವಿಲ್ಲ.

ಮಂಡ್ಯದಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಜನ ಸೇರಿ, ಹತ್ತು ದಾರಿ ಹೇಳಿ, ಬೈದಾದರೂ ಬಿಡಿಸುತ್ತಿದ್ದರು. ಇಲ್ಲಿ ಒಬ್ಬರೂ ಹಾರ್ನ್ ಸಹ ಮಾಡಲಿಲ್ಲ. ಲಾರಿಯವನು ಸ್ಟಿಯರಿಂಗ್ ಮೇಲೆ ಗಲ್ಲವಿಟ್ಟು ನೋಡುತ್ತಿದ್ದ. ಹಿಂದಿನ ಕಾರಿನ ಹೆಂಗಸು ಕಣ್ಣು ಮುಚ್ಚಿ ಉಸಿರಾಡುತ್ತಿದ್ದಳು.

"ಈಗೇನ್ರೀ ಮಾಡೋದು?"

"ಇರು, ಯೋಚ್ನೆ ಮಾಡ್ತಿದೀನಿ" ಎಂದ ಲಕ್ಷ್ಮೀಶ. ಯೋಚಿಸುವವನು ವೈಪರ್ ಯಾಕೆ ಹಾಕಿದನೋ, ಒಣಗಿದ ಗಾಜಿನ ಮೇಲೆ ಅದು ಕಿರ್ರೋ ಎಂದು ಆಡತೊಡಗಿತು.

ಇಂಚರಾ ಕಿವಿಯಿಂದ ಹೆಡ್‌ಫೋನ್ ತೆಗೆದಳು. "ಓಪನ್ ದ ಬ್ಯಾಕ್, ಡ್ಯಾಡ್" ಎಂದವಳೇ ಸೀಟು ಹತ್ತಿ, ಸೂಟ್‌ಕೇಸುಗಳ ಮೇಲೆ ತೆವಳಿ, ಹಿಂದಿನ ಬಾಗಿಲಿಂದ ಕಣ್ಮರೆಯಾದಳು.

ಮಗಳೊಬ್ಬಳನ್ನೇ ಬಿಡುವುದುಂಟೇ ಎಂದು ಕಲ್ಯಾಣಿಯೂ ಹೊರಟಳು. ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಬರುವುದರೊಳಗೆ ಒಂದು ಚಪ್ಪಲಿ ಹೋಯಿತು. ಸೂಟ್‌ಕೇಸುಗಳ ಮೇಲೆ ಬೋರಲಾಗಿ ಅರ್ಧ ದಾರಿ ಬಂದಾಗ ಜ್ಯಾಕೆಟ್ಟು ಎಲ್ಲಿಗೋ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೂಗಿನ ಕೆಳಗೆ ಕರಿಬೇವು. ಹಾಗೆ ಮಲಗಿರುವಾಗ ಹೊರಗಡೆ ಯಾರೋ ಇಂಗ್ಲಿಷ್ ಹುಡುಗಿಯೊಬ್ಬಳು ಮಾತಾಡುತ್ತಿರುವುದು ಕೇಳಿಸಿತು.

"ಸಾರಿ, ಮೇಟ್, ಜಸ್ಟ್ ಸ್ಟೇ ದೇರ್ ಫಾರ್ ಅ ಸೆಕ್, ಯೆಹ್? ಚಿಯರ್ಸ್!" ಇದು ಲಾರಿಯವನಿಗೆ. ಹಿಂದಿನ ಕಾರಿನವಳಿಗೆ ಬೇರೆಯೇ ರಾಗ, ಬೆಣ್ಣೆಯಂಥದ್ದು: "ಐಯಾಮ್ ಸೋ ಸಾರಿ, ವುಡ್ ಯೂ ಮೈಂಡ್ ಆಫುಲೀ?" ಪದದ ಕೊನೆಯ ಅಕ್ಷರಗಳನ್ನು ನುಂಗುವ, ಟಕಾರ ಬಂದಲ್ಲಿ ಗಂಟಲಲ್ಲೇ ಹಿಡಿದು ಬಿಡುವ, ಟ್ಯೂಬ್ ರೈಲಿನಲ್ಲಿ ಶಾಲೆ ಹುಡುಗರು ಆಡುವ ಪಕ್ಕಾ ಲಂಡನ್ ಮಾತು. ಒಂದು ಇಂಜಿನ್ ಹಿಂದೆ ಸರಿಯಿತು. ಇನ್ನೊಂದೂ ಸರಿಯಿತು. ಯಾರ ಮಗಳೋ, ಎಷ್ಟು ಚುರುಕಾಗಿದ್ದಾಳೆ, ನಮ್ಮದೂ ಒಂದಿದೆ, ಅಂಗಡಿಯವನ ಹತ್ತಿರ ಚಿಲ್ಲರೆ ಕೇಳಲೂ ನಾಚುತ್ತದೆ ಎಂದು ಕಲ್ಯಾಣಿ ಅಂದುಕೊಳ್ಳುತ್ತಿರುವಾಗಲೇ ಆ ಹುಡುಗಿಯ ಮುಖ ಹಿಂದಿನ ಬಾಗಿಲಲ್ಲಿ ಕಾಣಿಸಿಕೊಂಡಿತು.

"ಮಮ್, ವಾಟ್ ಆರ್ ಯೂ ಡೂಯಿಂಗ್?"

ಇಂಚರಾ ತಕ್ಷಣ ತುಟಿ ಕಚ್ಚಿಕೊಂಡಳು. "ಮಾಮ್" ಎಂದು ಒಹಾಯೋ ರಾಗಕ್ಕೆ ತಿದ್ದಿಕೊಂಡಳು. ಆದರೆ ಬಾಯಿಂದ ಹೊರಟದ್ದು ಹೊರಟುಹೋಗಿತ್ತು. ಕರಿಬೇವಿನ ಮೇಲಿನಿಂದ ಕಲ್ಯಾಣಿ ಮಗಳನ್ನು ನೋಡಿದಳು. ಒಂಬತ್ತು ತಿಂಗಳು ಹೊತ್ತವಳಿಗೆ ಆ ದನಿಯ ಗುರುತು ಸಿಕ್ಕಿರಲಿಲ್ಲ. ಎದೆಯೊಳಗೆ ಏನೋ ಚುಚ್ಚಿತು. ಅದರ ಬೆನ್ನಿಗೇ ಹೆಮ್ಮೆಯೂ ಬಂತು. ಎರಡರಲ್ಲಿ ಯಾವುದನ್ನು ಮುಖದ ಮೇಲೆ ತರಬೇಕೆಂದು ತಿಳಿಯದೆ, "ಮೊದ್ಲು ನನ್ನನ್ನ ಎಳಿ" ಎಂದಳು.

ಮುಂದಿನದೆಲ್ಲ ಇಂಚರಾಳ ದರಬಾರು. ಕೆಂಪು ಕಾರಿನವರನ್ನು ಹುಡುಕಲು ಮನೆಮನೆಯ ಬಾಗಿಲು ತಟ್ಟಿದಳು. ಮೂರನೆಯ ಮನೆಯಿಂದ ನೈಟಿಯ ಮೇಲೆ ಸ್ವೆಟರ್ ಹಾಕಿದ, ಕೈಯಲ್ಲಿ ಲಟ್ಟಣಿಗೆ ಹಿಡಿದ ಗುಜರಾತಿ ಅಜ್ಜಿಯೊಬ್ಬರು ಬಂದರು. ಲಟ್ಟಣಿಗೆ ಕಂಡು ಕಾರಿನೊಳಗಿದ್ದ ಲಕ್ಷ್ಮೀಶ ಗಾಜು ಏರಿಸಿಕೊಂಡ. ಅಜ್ಜಿ ತಮ್ಮ ಕನ್ನಡಿಯನ್ನು ಎರಡೇ ಬೆರಳಿನಿಂದ ಮಡಚಿದರು. ಇವನದು ಮಾತ್ರ ಟಪ್ಪೆಂದು ಕಳಚಿ ಬಿತ್ತು. ಇಂಚರಾ ರಸ್ತೆಯ ನಡುವೆ ನಿಂತು ಕೈ ಬೀಸಿದಳು. ಎಡಕ್ಕೆ. ನಿಲ್ಲು. ಇನ್ನೊಂದಿಷ್ಟು. ಮದುವೆಯಾದಾಗಿನಿಂದ ಯಾರ ಮಾತಿಗೂ ರಿವರ್ಸ್ ಹೋಗದ ಲಕ್ಷ್ಮೀಶ ಮಗಳ ಬೆರಳು ಆಡಿದ ಹಾಗೆ ಆಡಿದ. ಲಾರಿಯವನು ದಾಟುವಾಗ ಇಂಚರಾಳಿಗೆ ಹೆಬ್ಬೆರಳು ತೋರಿಸಿಹೋದ.

ಕಾರು ಬದಿಗೆ ನಿಂತಾಗ ರೋಮಿನ ವಿಮಾನದ ಬಾಗಿಲು ಮುಚ್ಚುವ ಹೊತ್ತಾಗಿತ್ತು. "ಇನ್ನೆಲ್ಲಿಗೆ ಓಡ್ತೀರಿ, ಒಳಗೆ ಬನ್ನಿ" ಎಂದು ಹಂಸಾಬೆನ್ ಎಂಬ ಆ ಅಜ್ಜಿ ಹಿಂದಿಯಲ್ಲಿ ಗದರಿ ಮೂವರನ್ನೂ ಮನೆಯೊಳಗೆ ಕರೆದರು. ಶುಂಠಿ ಚಹಾ ಬಂತು. ಹಂಸಾಬೆನ್ ಲಟ್ಟಿಸುತ್ತಿದ್ದದ್ದೂ ತೇಪ್ಲಾವೇ. ತಟ್ಟೆಗೆ ಬಿಸಿಬಿಸಿಯಾಗಿ ಬಿತ್ತು.

"ಎಲ್ಲಿಯವರು ನೀವು?"

"ಅಮೆರಿಕ. ಒಹಾಯೋ" ಎಂದ ಲಕ್ಷ್ಮೀಶ, ಬೆನ್ನು ನೆಟ್ಟಗೆ ಮಾಡಿ.

"ಅಲ್ಲಪ್ಪ, ಊರು?"

"ಮಂಡ್ಯ" ಎಂದ, ಬೆನ್ನು ಬಗ್ಗಿಸಿ.

"ನೀನು, ಬೇಟಾ?"

"ಪಿನ್ನರ್" ಎಂದಳು ಇಂಚರಾ ತೇಪ್ಲಾ ಅಗಿಯುತ್ತಾ. ಆಮೇಲೆ ಅಪ್ಪನ ಮುಖ ನೋಡಿ ಅಗಿಯುವುದನ್ನು ನಿಲ್ಲಿಸಿದಳು.

ಕಾರು ವಾಪಸು ಮನೆಯ ಕಡೆ ಹೊರಟಿತು. ಹ್ಯಾರೋದ ಸಿಗ್ನಲ್ಲಿನಲ್ಲಿ ಲಕ್ಷ್ಮೀಶ ಮಗಳನ್ನು ಕೇಳಿದ.

"ಆ ಥರ ಮಾತಾಡೋದು ಯಾವಾಗ ಕಲ್ತೆ?"

ಇಲ್ಲಿ ಶಾಲೆಗೆ ಸೇರಿದ ಮೊದಲ ದಿನಗಳಲ್ಲೇ ಎಂದಳು ಇಂಚರಾ. ಬಾಯಿ ಬಿಟ್ಟರೆ ಸಾಕು, ಎಲ್ಲರೂ ವಾಟರಿಗೆ 'ವಾಡರ್' ಅನ್ನು, ಟೊಮೆಟೊಗೆ 'ಟೊಮೇಡೊ' ಅನ್ನು ಎಂದು ಪೀಡಿಸಿ ನಗುತ್ತಿದ್ದರಂತೆ. ಸರ್ಕಸ್ಸಿನ ಕೋತಿಯಾಗಲು ಮನಸ್ಸಿಲ್ಲದೆ ಕನ್ನಡಿಯ ಮುಂದೆ ನಿಂತು ಕಲಿತಳಂತೆ.

"ಮತ್ತೆ ಮನೇಲ್ಯಾಕೆ ಹಳೇ ಥರಾನೇ ಮಾತಾಡ್ತಿದ್ದೆ?"

ಇಂಚರಾ ಕಿಟಕಿಯಾಚೆ ನೋಡಿದಳು. "ಯೂ ವುಡ್ ಬಿ ಸ್ಯಾಡ್, ಡ್ಯಾಡ್."

ಸಿಗ್ನಲ್ಲು ಹಸಿರಾದರೂ ಲಕ್ಷ್ಮೀಶ ಹೊರಡಲಿಲ್ಲ. ಕಲ್ಯಾಣಿಗೆ ಅವನ ಪಕ್ಕದ ಮುಖ ಕಂಡಿತು. ಕಣ್ಣು ಪಿಳಿಪಿಳಿ ಮಾಡುತ್ತಿದ್ದ. ಅಳುವ ಗಂಡನನ್ನು ಹೇಗೆ ಸಂಭಾಳಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ರೇಗಿಸುವುದು ಗೊತ್ತಿತ್ತು.

"ಅಪ್ಪನ ಮಗಳಲ್ವೇ? ನಿಮ್ಗೇನ್ ಕಮ್ಮಿ ನಾಲಿಗೆ ಇದ್ಯಾ? ಆಫೀಸಿನ ಫೋನ್ ಬಂದ್ರೆ 'ಹೇ, ದಿಸ್ ಈಸ್ ಲಕ್ಕಿ!' ಅಂತೀರಿ. ನಿಮ್ಮಮ್ಮ ಮಾಡಿದ್ರೆ 'ಯಾನವ್ವಾ, ಮುದ್ದೆ ಉಂಡ್ಯಾ' ಅಂತೀರಿ. ಪಾಪ, ಅವ್ಳಿಗೂ ಎರಡೇ ನಾಲಿಗೆ ಇರೋದು."

ಹಿಂದಿನ ಸೀಟಿನಿಂದ ಕಿಸಕ್ಕೆಂದು ನಗು ಬಂತು. ಬೆನ್ನ ಹಿಂದಿನ ಕಾರು, ಇಂಗ್ಲೆಂಡಿನಲ್ಲೂ ಹಾರ್ನ್ ಇದೆಯೆಂದು ತೋರಿಸಿಕೊಟ್ಟಿತು. ಲಕ್ಷ್ಮೀಶ ಮೂಗು ಒರೆಸಿಕೊಂಡು ಕಾರು ಹೊರಡಿಸಿದ.

ಮರುದಿನ ಬೇರೆ ವಿಮಾನ ಹಿಡಿದು, ಅದೂ ಟ್ಯಾಕ್ಸಿಯಲ್ಲಿ ಹೋಗಿ, ಅವರು ರೋಮ್ ಸೇರಿದರು. ಹಳೆಯ ಗುಡಿಗೋಪುರಗಳನ್ನು ಸುತ್ತಿ ಲಕ್ಷ್ಮೀಶನ ಕಾಲು ಸೋತಿತು. ಕಾರಂಜಿಯೊಂದರ ಕಟ್ಟೆಯ ಮೇಲೆ ಅವನನ್ನು ಕೂರಿಸಿ ತಾಯಿ ಮಗಳು ಐಸ್‌ಕ್ರೀಮಿಗೆ ಹೋದರು. ಸಾಲಿನಲ್ಲಿ ನಿಂತಿರುವಷ್ಟು ಹೊತ್ತೂ ಇಂಚರಾ ಶಾಲೆಯ ಗೆಳತಿಯರ ಕಥೆ ಹೇಳಿದಳು. ಪ್ರತಿಯೊಬ್ಬಳ ಮಾತನ್ನೂ ಅವಳಂತೆಯೇ ಆಡಿ ತೋರಿಸಿದಳು. ಐಸ್‌ಕ್ರೀಮ್ ಕೈಗೆ ಬಂದ ಮೇಲೂ ಕಲ್ಯಾಣಿಯ ನಗು ನಿಲ್ಲದೆ, ಅದು ಕರಗಿ ಮೊಣಕೈವರೆಗೂ ಇಳಿಯಿತು.

ತಿರುಗಿ ಬಂದಾಗ ಲಕ್ಷ್ಮೀಶನ ಪಕ್ಕದಲ್ಲಿ ಒಂದು ಸಂಸಾರ ಕೂತಿತ್ತು. ಅಗಲ ಟೋಪಿಯ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಟೆಕ್ಸಾಸಿನವರಂತೆ. ಇಲ್ಲಿ ಹೋಟೆಲಿನವರು ನೀರಿಗೆ ಐಸೇ ಹಾಕುವುದಿಲ್ಲವೆಂದು ಟೋಪಿಯವನು ಗೊಣಗುತ್ತಿದ್ದ. ಲಕ್ಷ್ಮೀಶ ಕಾಲ ಮೇಲೆ ಕಾಲು ಹಾಕಿಕೊಂಡು, ಅವನ ಮೇಲೆ ಕರುಣೆಯಿಟ್ಟು ಕೇಳುತ್ತಿದ್ದ.

"ಯುರೋಪಿನಲ್ಲಿ ಹಾಗೇ. ಅಭ್ಯಾಸವಾಗುತ್ತೆ, ಬಿಡಿ" ಎನ್ನುತ್ತಿದ್ದ ಇಂಗ್ಲಿಷಿನಲ್ಲಿ. "ನಾವು ಲಂಡನ್ನಿನವರು. ನಮ್ಮ ಪಿನ್ನರ್‌ನಲ್ಲಿ ಐಸನ್ನ ಯಾರೂ ಕೇಳೋದೇ ಇಲ್ಲ."

ಕಲ್ಯಾಣಿ ಮಗಳ ತೋಳು ಹಿಡಿದು ಅಲ್ಲೇ ನಿಲ್ಲಿಸಿದಳು. ಟೋಪಿಯವನ ಹೆಂಡತಿ ಬಗ್ಗಿ, ಇಲ್ಲೆಲ್ಲಾದರೂ ರೆಸ್ಟ್‌ರೂಮ್ ಇದೆಯೇ ಎಂದು ಮೆಲ್ಲಗೆ ಕೇಳಿದಳು.

ಲಕ್ಷ್ಮೀಶ ಆ ಅಮೆರಿಕನ್ ಪದವನ್ನು ಇದೇ ಮೊದಲ ಸಲ ಕೇಳುತ್ತಿರುವವನಂತೆ ಹುಬ್ಬೇರಿಸಿದ.

"ಓ, ಯೂ ಮೀನ್ ದ ಲೂ?" ಎಂದು ಪಕ್ಕಾ ಲಂಡನ್ನಿನವನಂತೆ ಕೇಳಿ, ಬಲಗಡೆಯ ಬೀದಿಗೆ ಕೈ ತೋರಿಸಿದ.